ತುಕ್ಕು ಇಲ್ಲದ ಹದಿನೆಂಟು ಅಡಿ

ನಾಲ್ಕನೇ ಮಿಕ್ಸರ್ ಲಾರಿಯ ಡ್ರೈವರನಿಗೆ ಬೇಕಿದ್ದದ್ದು ಒಂದೇ ಒಂದು ಸಹಿ. ಚೀಟಿ ಹಿಡಿದು ಉಚ್ಚಿಲದ ಆ ಐಸ್ ಪ್ಲಾಂಟಿನ ಅಂಗಳವನ್ನೆಲ್ಲ ಸುತ್ತಿದ. ಸೂಪರ್‌ವೈಸರ್ ಆಸ್ಟಿನ್ ಎಲ್ಲೂ ಕಾಣಲಿಲ್ಲ. ಫೋನ್ ಮಾಡಿದರೆ ಕಟ್ಟಡದ ಹಿಂದೆ ಎಲ್ಲೋ ರಿಂಗಾಯಿತು. ಸದ್ದು ಹಿಡಿದು ಹೋದ. ನೀರಿನ ಸಂಪಿನ ಕಟ್ಟೆಯ ಮೇಲೆ ಫೋನು ಇತ್ತು. ಸಂಪಿನೊಳಗೆ ಆಸ್ಟಿನ್ ಮುಖ ಅಡಿಯಾಗಿ ತೇಲುತ್ತಿದ್ದ.

ಆಗ ಬೆಳಗಿನ ಹತ್ತು ಗಂಟೆ.

ಎಎಸ್‌ಐ ದ್ರಾಕ್ಷಾಯಿಣಿ ಜೀಪು ಇಳಿದಾಗ ಹೆಣವನ್ನು ಮೇಲೆತ್ತಿ ಟಾರ್ಪಾಲು ಹೊದಿಸಿದ್ದರು. ಅಲ್ಲಿಂದ ಮೂವತ್ತು ಹೆಜ್ಜೆ ಆಚೆ, ಅಂಗಳದಲ್ಲಿ, ಕಾಂಕ್ರೀಟು ಬೀಳುತ್ತಲೇ ಇತ್ತು.

"ಇದೆಂತ ಇದು? ಕೆಲಸ ನಿಲ್ಲಿಸಲಿಲ್ವಾ?"

ಪ್ಲಾಂಟಿನ ಮಾಲೀಕ ಇಮ್ಯಾನುಯೆಲ್ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. "ಎಂತ ಮಾಡುದು ಮೇಡಂ, ಲಾರಿಯಲ್ಲಿ ಕಲಸಿದ್ದು ನಮಗಾಗಿ ಕಾಯ್ತದಾ? ಗಟ್ಟಿಯಾಗ್ತದೆ."

ಅವರು ಅಳುತ್ತಲೇ ಹೇಳಿದರು. ಕೂಲಿಗಳು ತಲೆ ಬಗ್ಗಿಸಿ ಕಾಂಕ್ರೀಟು ಎಳೆಯುತ್ತಲೇ ಇದ್ದರು. ದ್ರಾಕ್ಷಾಯಿಣಿಗೆ ಅದು ವಿಚಿತ್ರವೆನಿಸಲಿಲ್ಲ. ಕೊಪ್ಪಳದ ಕಡೆಯಿಂದ ಬಂದು ಈ ಕರಾವಳಿಯಲ್ಲಿ ಹನ್ನೊಂದು ವರ್ಷ ನೌಕರಿ ಮಾಡಿದ್ದಳು. ಮೊದಲ ಹೆಣ ಕಂಡಾಗ ವಾಂತಿ ಬಂದಿತ್ತು. ಈಗ ಏನೂ ಬರುವುದಿಲ್ಲ. ಒಳಗೆಲ್ಲೋ ಮರಗಟ್ಟಿದೆ. ಅದನ್ನು ಅವಳು ಯಾರಿಗೂ ಹೇಳಿಕೊಂಡಿಲ್ಲ, ಯಾರೂ ಕೇಳಿಯೂ ಇಲ್ಲ.

* * *

ಪಾಚಿಯ ಮೇಲೆ ಕಾಲು ಜಾರಿ ಬಿದ್ದನೆಂದೇ ಮೊದಲು ಎಲ್ಲರೂ ಅಂದುಕೊಂಡರು. ಮಧ್ಯಾಹ್ನ ಡಾಕ್ಟರು ಅದನ್ನು ಅಲ್ಲಗಳೆದರು. ನೀರಿಗೆ ಬೀಳುವ ಮೊದಲೇ ತಲೆಯ ಹಿಂಬದಿಗೆ ಪೆಟ್ಟು ಬಿದ್ದಿದೆ. ಸಪೂರ ಕಬ್ಬಿಣದ್ದು, ರಾಡಿನಂಥದ್ದು.

ಕಟ್ಟಡದ ಕೆಲಸದ ಜಾಗದಲ್ಲಿ ರಾಡು ಹುಡುಕುವುದೆಂದರೆ ಕಡಲ ದಂಡೆಯಲ್ಲಿ ಮರಳು ಹುಡುಕಿದ ಹಾಗೆ. ಆ ದಾರಿ ಅಲ್ಲಿಗೇ ಮುಚ್ಚಿತು.

ಹೊರಗಿನವರು ಯಾರೂ ಬಂದಿರಲಿಲ್ಲ. ಗೇಟಿನ ಹತ್ತಿರ ಇಮ್ಯಾನುಯೆಲ್ಲರೇ ಕುರ್ಚಿ ಹಾಕಿ ಕೂತಿದ್ದರು. ಒಂಬತ್ತು ಇಪ್ಪತ್ತೆರಡಕ್ಕೆ ಆಸ್ಟಿನ್ ಕಾಂಕ್ರೀಟ್ ಪ್ಲಾಂಟಿಗೆ ಫೋನ್ ಮಾಡಿ ನಾಲ್ಕನೇ ಲಾರಿ ಕಳಿಸಲು ಹೇಳಿದ್ದ. ಹತ್ತಕ್ಕೆ ಹೆಣವಾಗಿದ್ದ. ನಡುವೆ ಇದ್ದದ್ದು ಮೂವತ್ತೆಂಟು ನಿಮಿಷ. ಅಂಗಳದಲ್ಲಿದ್ದವರು ಆರು ಜನ ಕೂಲಿಗಳು, ಎಲ್ಲರೂ ಬಡಗಣ ಸೀಮೆಯವರು.

ಅವರಲ್ಲಿ ಭೀಮೇಶ ಎಂಬವನ ಮೇಲೆ ಬೆರಳು ತಾನಾಗಿ ಹೋಯಿತು. ಹಿಂದಿನ ಸಂಜೆ ಅವನ ಹೆಂಡತಿ ಹುಲಿಗೆವ್ವ ನಿಧಾನ ಮಾಡಿದಳೆಂದು ಆಸ್ಟಿನ್ ಬಾಯಿಗೆ ಬಂದ ಹಾಗೆ ಬೈದಿದ್ದ. ಭೀಮೇಶ ಅವನ ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದ್ದ. ಎಲ್ಲರೂ ನೋಡಿದ್ದರು. ಸಾಲದೆಂದು ಒಂಬತ್ತೂವರೆಗೆ ಪಂಪು ಹಾಕಲು ಸಂಪಿನ ಬಳಿ ಹೋದವನೂ ಅವನೇ. ಕಟ್ಟೆಯ ಮೇಲೆ ಅವನ ಗಮ್‌ಬೂಟಿನ ಕೆಸರು ಹೆಜ್ಜೆ ಇತ್ತು.

"ಪಂಪ್ ಹಾಕಿ ಹೊಳ್ಳಿ ಬಂದೇನ್ರಿ. ಆವಾಗ ಅಲ್ಲಿ ಯಾರೂ ಇದ್ದಿಲ್ರಿ."

"ಉಳಿದವರೆಲ್ಲ ಎಲ್ಲಿದ್ದರು?"

"ಕಾಂಕ್ರೀಟಿನಾಗ ಇದ್ರಿ."

ಉಳಿದ ಐವರೂ ಅದನ್ನೇ ಹೇಳಿದರು. ಯಾರೂ ಜಾಗ ಬಿಟ್ಟಿಲ್ಲ. ಹುಲಿಗೆವ್ವನ ಅಣ್ಣ ರಾಮಲಿಂಗ ಮೇಸ್ತ್ರಿಯಂತೂ ಕಾಂಕ್ರೀಟಿನೊಳಗಿನ ಕಬ್ಬಿಣದ ಜಾಲರಿ ಎಳೆಯುವವನು. ಅವನು ಕೈಬಿಟ್ಟರೆ ಕೆಲಸವೇ ಇಲ್ಲ. ಠಾಣೆಯ ಎಸ್‌ಐ ಸಾಹೇಬರು ಕಡತ ಮುಚ್ಚಿ ಭೀಮೇಶನನ್ನು ಒಳಗೆ ಹಾಕಿದರು.

* * *

ಹುಲಿಗೆವ್ವ ಮೂರು ದಿನ ಠಾಣೆಯ ಹೊರಗೆ ಬಾದಾಮಿ ಮರದ ಕೆಳಗೆ ಕೂತಿದ್ದಳು. ಅಳಲಿಲ್ಲ, ಕೈ ಮುಗಿಯಲಿಲ್ಲ, ಒಳಗೆ ಬಿಡಿ ಎಂದೂ ಕೇಳಲಿಲ್ಲ. ಅಣ್ಣ ರಾಮಲಿಂಗ ಸಂಜೆ ಬಂದು ಬುತ್ತಿ ಇಟ್ಟು ಹೋಗುತ್ತಿದ್ದ. ಅದು ಇಟ್ಟಲ್ಲೇ ಇರುತ್ತಿತ್ತು.

ದ್ರಾಕ್ಷಾಯಿಣಿ ಹೋಗಿ ಪಕ್ಕದಲ್ಲಿ ಕೂತಳು. ಊರಿನ ಮಾತು ತಾನಾಗಿ ಬಾಯಿಗೆ ಬಂತು.

"ಊಟಾ ಮಾಡಿಯೇನವ್ವ?"

"ಹ್ಞೂಂರಿ."

"ನಿನ್ನ ಗಂಡ ಹೊಡದಾನೇನು?"

"ಇಲ್ರಿ."

"ಮತ್ತ ಯಾರು ಹೊಡದ್ರು?"

ಹುಲಿಗೆವ್ವ ತನ್ನ ಅಂಗೈ ನೋಡಿಕೊಂಡಳು. ಸಿಮೆಂಟು ತಿಂದು ಚರ್ಮ ಸುಲಿದಿತ್ತು. ಗಂಡನನ್ನು ಬಿಡಿಸಿಕೊಳ್ಳಲು ಬಂದವಳು ಹೀಗೆ ಬಾಯಿಗೆ ಬೀಗ ಹಾಕಿಕೊಂಡು ಕೂರುವುದನ್ನು ದ್ರಾಕ್ಷಾಯಿಣಿ ಎಲ್ಲೂ ಕಂಡಿರಲಿಲ್ಲ. ಅದೊಂದು ಮಾತ್ರ ಅವಳ ತಲೆಯಲ್ಲಿ ಉಳಿಯಿತು.

* * *

ನಾಲ್ಕನೇ ದಿನ ಬೆಳಿಗ್ಗೆ ನಕ್ಷೆಗೆ ಅಳತೆ ತೆಗೆಯಲು ಅವಳು ಐಸ್ ಪ್ಲಾಂಟಿಗೆ ಹೋದಳು. ಅಂಗಳದ ನೆಲ ಒಣಗಿ ಬೆಳ್ಳಗಾಗಿತ್ತು. ಬಿರುಕು ಅಡ್ಡಾದಿಡ್ಡಿ ಹೋಗದಿರಲೆಂದು ಉದ್ದಕ್ಕೂ ನಡುವೆ ಒಂದು ಸಪೂರ ಗೀರು ಕೊರೆದಿದ್ದರು. ಆ ಗೀರಿನೊಳಗೆ ಕಂದು ಚುಕ್ಕೆಗಳಿದ್ದವು, ಸಾಲಾಗಿ, ಗೇಣಿಗಿಂತ ಸ್ವಲ್ಪ ಕಡಿಮೆ ದೂರಕ್ಕೊಂದು.

ಮೊನ್ನೆ ಆ ಗೀರು ಕೊರೆದ, ಮಟ್ಟು ಎಂಬ ಊರಿನ ಜೋವಿನ್ ತನ್ನ ಕಟಿಂಗ್ ಮೆಷಿನ್ನನ್ನು ಪಿಕಪ್ಪಿಗೆ ಏರಿಸುತ್ತಿದ್ದ.

"ಇದೆಂತ ಚುಕ್ಕೆ?"

"ತುಕ್ಕು ಮೇಡಂ. ಜಾಲರಿಯ ಸರಿಗೆ. ಬ್ಲೇಡು ತಾಗಿ ತುಂಡಾದದ್ದು. ಕಡಲ ಗಾಳಿಗೆ ಎರಡು ದಿನ ಸಾಕು, ಕೆಂಪಾಗ್ತದೆ." ಅವನಿಗೆ ಹೇಳಿಕೊಳ್ಳಲು ಯಾರೋ ಬೇಕಾಗಿತ್ತು. "ನನ್ನ ಒಂದು ಬ್ಲೇಡು ಪೂರ್ತಿ ಹೋಯ್ತು ಮಾರಾಯ್ರೆ! ರಾಮಲಿಂಗ ಎಳೆದಲ್ಲಿ ಯಾವಾಗಲೂ ಇದೇ ಕಥೆ."

"ಸರಿಯಾಗಿ ಹೇಳಿ. ಎಳೆಯುದು ಎಂದರೆ?"

ಜೋವಿನ್ ನೆಲಕ್ಕೆ ಕುಕ್ಕರಗಾಲಲ್ಲಿ ಕೂತ. "ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಜಾಲರಿ ಹಾಸ್ತಾರೆ. ಮೇಲಿಂದ ಆರು ಇಂಚು ಕಾಂಕ್ರೀಟು ಬೀಳುವಾಗ ಒಬ್ಬ ಕೊಕ್ಕೆ ಹಾಕಿ ಜಾಲರಿಯನ್ನು ಮೇಲಕ್ಕೆ ಎಳೆಯುತ್ತಾ ಹೋಗ್ಬೇಕು. ಎಳೆಯದಿದ್ರೆ ಅದು ಅಡಿಯಲ್ಲೇ ಮಲಗ್ತದೆ. ಇದ್ದೂ ಇಲ್ಲದ ಹಾಗೆ. ನೆಲ ಬಿರುಕು ಬಿಡ್ತದೆ. ಹೆಚ್ಚಿನ ಕಡೆ ಯಾರೂ ಎಳೆಯುದೇ ಇಲ್ಲ. ಒಳಗೆ ಹೋದದ್ದನ್ನು ಯಾರು ನೋಡ್ತಾರೆ, ಅಲ್ವಾ?"

"ರಾಮಲಿಂಗ ಎಳೆಯುತ್ತಾನೆ."

"ಬೇಕಾದ್ದಕ್ಕಿಂತ ಮೇಲೆ ಎಳೀತಾನೆ! ನನ್ನ ಬ್ಲೇಡು ಎರಡು ಇಂಚು ಇಳಿಯುದು, ಅಲ್ಲಿಗೇ ಸಿಕ್ತದೆ. ಬೈದರೆ ನಗುದೂ ಇಲ್ಲ. ಅವನ ಹೆಂಡತಿ ಅನ್ನಪೂರ್ಣ ಹೋದ ವರ್ಷ ಕಾರ್ಕಳದಲ್ಲಿ ಕಿಟಕಿ ಮೇಲಿನ ಛಜ್ಜಾ ಬಿದ್ದು ಸತ್ತದ್ದು. ಅಲ್ಲಿಂದ ಹೀಗೆ. ಕಬ್ಬಿಣ ಅಡಿಗೆ ಹೋದರೆ ಅವನಿಗೆ ಆಗುದಿಲ್ಲ."

ದ್ರಾಕ್ಷಾಯಿಣಿ ಗೀರಿನ ಉದ್ದಕ್ಕೆ ನಡೆದಳು. ಗೇಟಿನಿಂದ ಚುಕ್ಕೆಗಳು ಒಂದೇ ಸಮ ಬಂದವು. ಒಂದು ಕಡೆ ನಿಂತುಹೋದವು. ಮತ್ತೆ ಮುಂದೆ ಶುರುವಾದವು. ನಡುವಿನ ಗೀರು ಬರೀ ಬೂದಿ ಬಣ್ಣ. ಅವಳು ಟೇಪು ಹಿಡಿದಳು. ನಲವತ್ತಾರನೇ ಅಡಿಯಿಂದ ಅರವತ್ತನಾಲ್ಕರವರೆಗೆ. ಹದಿನೆಂಟು ಅಡಿ.

"ಇಲ್ಲಿ ಬ್ಲೇಡಿಗೆ ಎಂತದೂ ಸಿಗಲಿಲ್ವಾ?"

"ಇಲ್ಲ. ಬೆಣ್ಣೆ ಕೊಯ್ದ ಹಾಗೆ ಹೋಯ್ತು. ಅಬ್ಬ, ಇವನಿಗೂ ಒಮ್ಮೆ ಸಾಕಾಯ್ತು ಅಂದುಕೊಂಡೆ."

* * *

ಠಾಣೆಯಲ್ಲಿ ಲಾರಿ ಚೀಟಿಗಳಿದ್ದವು. ಒಂದೊಂದು ಲಾರಿಯ ಕಾಂಕ್ರೀಟು ಇಪ್ಪತ್ತೆರಡು ಅಡಿಗೆ ಬರುತ್ತದೆಂದು ಇಮ್ಯಾನುಯೆಲ್ ಹೇಳಿದ್ದರು. ಗೇಟಿನಿಂದ ಲೆಕ್ಕ ಹಾಕಿದರೆ ನಲವತ್ತನಾಲ್ಕರಿಂದ ಅರವತ್ತಾರು ಅಡಿಯವರೆಗಿನದು ಮೂರನೇ ಲಾರಿಯದು. ಚೀಟಿಯಲ್ಲಿ ಹೊತ್ತು ಬರೆದಿತ್ತು: ಬಂದದ್ದು ಒಂಬತ್ತು ಹದಿನೈದು, ಸುರಿಯಲು ಶುರು ಮಾಡಿದ್ದು ಒಂಬತ್ತೂವರೆ, ಖಾಲಿಯಾಗಿ ಹೋದದ್ದು ಒಂಬತ್ತು ಐವತ್ತು.

ಅವಳು ಕಾರ್ಕಳದ ಹಳೆಯ ಕಡತವನ್ನೂ ತರಿಸಿದಳು. ಎರಡೇ ಹಾಳೆ. ಕೂಲಿ ಹೆಂಗಸು ಅನ್ನಪೂರ್ಣ, ಸ್ವಂತ ಅಜಾಗರೂಕತೆಯಿಂದ ಮರಣ. ಹೇಳಿಕೆ ಕೊಟ್ಟವರು, ಸೂಪರ್‌ವೈಸರ್ ಆಸ್ಟಿನ್.

ಅವಳು ಕಡತ ಮಡಚಿ ಜೀಪು ಹತ್ತಿದಳು.

* * *

ಸಂಜೆ ನಾಲ್ಕಕ್ಕೆ ಜೋವಿನ್ ಐವತ್ತೈದನೇ ಅಡಿಯಲ್ಲಿ ಬ್ರೇಕರ್ ಇಟ್ಟು ಎರಡಡಿ ಚೌಕ ಒಡೆದ. ಕೂಲಿಗಳೆಲ್ಲ ಸುತ್ತ ನಿಂತಿದ್ದರು. ದ್ರಾಕ್ಷಾಯಿಣಿ ಹುಲಿಗೆವ್ವನನ್ನೂ ಕರೆಸಿದ್ದಳು. ಅವಳು ಗೋಡೆ ಹಿಡಿದು ನಿಂತಿದ್ದಳು.

"ರಾಮಲಿಂಗ, ಜಾಲರಿ ಎಲ್ಲಾ ಕಡೆ ಎಳದೀಯೇನು?"

"ಹೌದ್ರಿ. ಒಂದಡಿನೂ ಬಿಟ್ಟಿಲ್ರಿ."

ಜೋವಿನ್ ಕೊನೆಯ ತುಂಡು ಎತ್ತಿದ. ಆರು ಇಂಚು ಕೆಳಗೆ ಜಾಲರಿ ಪ್ಲಾಸ್ಟಿಕ್ ಹಾಳೆಗೆ ಅಂಟಿ ಮಲಗಿತ್ತು. ಎತ್ತಿದ ತುಂಡಿನ ಅಡಿಯಲ್ಲಿ ಅದರ ಗುರುತು ಕೂಡ ಮೂಡಿತ್ತು.

ಇಮ್ಯಾನುಯೆಲ್ ಬಾಯಿ ಹಾಕಿದರು. "ಆಗ್ತದೆ ಮೇಡಂ, ಮನುಷ್ಯ ಅಲ್ವಾ. ಹತ್ತು ನಿಮಿಷ ಬೇಜಾರಾಗಿ ಬಿಟ್ಟಿರ್ತಾನೆ."

ರಾಮಲಿಂಗನಿಗೆ ಅವರು ಕೈಗೇ ಕೊಟ್ಟ ಉತ್ತರ ಅದು. ಹೌದ್ರಿ, ಬ್ಯಾಸರಾಗಿ ಬಿಟ್ಟೆ ಅಂದಿದ್ದರೆ ಸಾಕಿತ್ತು. ದ್ರಾಕ್ಷಾಯಿಣಿಯ ಬಳಿ ಮುಂದೆ ಕೇಳಲು ಏನೂ ಇರಲಿಲ್ಲ. ಸೋಮಾರಿತನ ಕೊಲೆಯಲ್ಲ. ಅವಳು ಕಾದಳು.

ರಾಮಲಿಂಗ ಗುಂಡಿಯ ಬಳಿ ಮಂಡಿಯೂರಿದ. ಸರಿಗೆಯನ್ನು ಬೆರಳಿನಿಂದ ಮುಟ್ಟಿದ.

"ಇಲ್ರಿ," ಅಂದ. "ನಾ ಇಲ್ಲಿದ್ದಿದ್ರ ಹಿಂಗ ಬಿಡ್ತಿದ್ದಿಲ್ರಿ."

ದ್ರಾಕ್ಷಾಯಿಣಿ ಗುಂಡಿಯ ಆಚೆ ಬದಿಗೆ ಬಂದು ನಿಂತಳು.

"ಮತ್ತ ಎಲ್ಲಿದ್ದಿ?"

ಅವನು ಸಂಪಿನ ಕಡೆ ತಲೆ ತಿರುಗಿಸಿದ.

* * *

ಅವನು ಅಲ್ಲೇ, ಗುಂಡಿಯ ಪಕ್ಕ ಕೂತು ಹೇಳಿದ. ದನಿ ಏರಲಿಲ್ಲ, ಇಳಿಯಲಿಲ್ಲ.

"ಕಾರ್ಕಳದಾಗ ಛಜ್ಜಾಕ್ಕ ಕಟ್ಟಿದ ರಾಡು ಮಂದಿ ತುಳುದು ಅಡಿಗೆ ಹೋಗಿದ್ವು. ಎತ್ತಿ ಕಟ್ಟೂಣು ಅಂದೆ. ಲಾರಿ ಕಾಯಾಕತ್ತೈತಿ, ಒಳಗ ಹೋಗಿದ್ದು ಯಾರು ನೋಡ್ತಾರ ಅಂದ ಆಸ್ಟಿನ್ ಸಾಹೇಬ. ಆಧಾರಕ್ಕ ಕೊಟ್ಟ ಹಲಗಿ ತಗದ ದಿನ ಆಕಿ ಕೆಳಗ ನಿಂತಿದ್ಲು. ಇಲ್ಲಿ ಮೂರನೇ ಲಾರಿ ಬಂದಾಗ ನನ್ನ ಹಂತ್ಯಾಕ ಬಂದ. ಎಳದಿದ್ದು ಸಾಕು ಮಾರಾಯ, ಲಾರಿ ಕಾಯ್ತಾ ಉಂಟು, ಒಳಗೆ ಹೋದದ್ದು ಯಾರು ನೋಡ್ತಾರೆ ಅಂದ. ಅದ ಮಾತು. ಅಂದು ಫೋನಿನಾಗ ಮಾತಾಡಕೋತ ಅತ್ತಾಗ ಹೋದ. ಭೀಮೇಶ ಪಂಪ್ ಹಾಕಿ ಹೊಳ್ಳಿ ಬಂದ ಮ್ಯಾಲ ಅವ ಸಂಪಿನ ಕಡೆ ನಡದ, ನಾನೂ ಹಿಂದ ಹೋದೆ. ಕೊಕ್ಕಿ ಕೈಯಾಗ ಇತ್ತು."

ಕೊಕ್ಕೆಯನ್ನು ಯಾರೂ ಹುಡುಕಿರಲಿಲ್ಲ. ಅದು ಅವನ ಕೈಯಲ್ಲೇ ಇತ್ತು. ಮರಳಿ ಬಂದು ಮತ್ತೆ ಜಾಲರಿ ಎಳೆದ. ರಕ್ತವನ್ನು ಕಾಂಕ್ರೀಟೇ ತೊಳೆಯಿತು. ಲಾರಿಯ ಗದ್ದಲದಲ್ಲಿ ಉಳಿದವರು ತಲೆ ಎತ್ತಿರಲಿಲ್ಲ. ಜಾಲರಿ ಎಳೆಯುವವನು ಇದ್ದೇ ಇರುತ್ತಾನೆಂದು ನಂಬಿ, ಇದ್ದನೆಂದು ಹೇಳಿಕೆ ಕೊಟ್ಟಿದ್ದರು. ಒಬ್ಬಳನ್ನು ಬಿಟ್ಟರೆ ಅವರದು ಸುಳ್ಳಲ್ಲ. ಆದರೆ ನೆಲ ಬರೆದಿಟ್ಟುಕೊಂಡಿತ್ತು. ಹೆಂಡತಿಯ ನೆನಪಿಗೆ ಅವನು ಅಷ್ಟು ಮೇಲೆ ಎಳೆಯದಿದ್ದರೆ ಚುಕ್ಕೆಗಳೇ ಇರುತ್ತಿರಲಿಲ್ಲ. ಚುಕ್ಕೆಗಳಿಲ್ಲದಿದ್ದರೆ ಆ ಖಾಲಿ ಹದಿನೆಂಟು ಅಡಿ ಯಾರಿಗೂ ಕಾಣುತ್ತಿರಲಿಲ್ಲ.

"ಭೀಮೇಶ ಒಳಗದಾನಲ್ಲ, ನಿನಗ ಏನೂ ಅನಸಲಿಲ್ಲೇನು?"

"ಅವ ಏನೂ ಮಾಡಿಲ್ರಿ. ನಾಳೆ ಬಿಡ್ತಾರ, ನಾಳೆ ಬಿಡ್ತಾರ ಅಂತ ಇದ್ದೆ."

ದ್ರಾಕ್ಷಾಯಿಣಿ ಹುಲಿಗೆವ್ವನ ಕಡೆ ತಿರುಗಿದಳು. ಅಣ್ಣನ ಹಿಂದೆಯೇ ಕಾಂಕ್ರೀಟು ಸಮ ಮಾಡುತ್ತಿದ್ದವಳು ಅವಳು. ಜಾಲರಿ ಕಾಲಡಿಯಲ್ಲಿ ಹೂತುಹೋದದ್ದು ಅವಳ ಬೂಟಿಗೆ ತಿಳಿದೇ ಇರಬೇಕು.

"ನಿನಗ ಗೊತ್ತಿತ್ತು."

"ಬಾಯಿ ತಗದ್ರ ಅಣ್ಣ ಹೊಕ್ಕಾನ್ರಿ. ಮುಚ್ಚಿದ್ರ ಗಂಡ ಹೊಕ್ಕಾನ. ನಾ ಏನ್ ಮಾಡ್ಬೇಕಾಗಿತ್ರಿ?"

ಪ್ರಶ್ನೆ ನಿಜವಾಗಿಯೂ ಪ್ರಶ್ನೆಯೇ ಆಗಿತ್ತು. ಅವಳು ಉತ್ತರಕ್ಕೆ ಕಾಯುತ್ತಿದ್ದಳು. ದ್ರಾಕ್ಷಾಯಿಣಿಗೆ ಇನ್ನೊಂದು ಪ್ರಶ್ನೆ ನೆನಪಾಯಿತು. ಅಂದು ಬೆಳಿಗ್ಗೆ ಆಸ್ಟಿನ್‌ನ ತಾಯಿ ಬರ್ತಾ ಬಾಯಿ ಠಾಣೆಗೆ ಬಂದು, ಮಗ ಸಾಯುವ ಮೊದಲು ತಿಂಡಿ ತಿಂದಿದ್ದನಾ ಎಂದಷ್ಟೇ ಕೇಳಿದ್ದರು. ದ್ರಾಕ್ಷಾಯಿಣಿ ಜೀಪು ಹತ್ತಿರ ತರಲು ಸನ್ನೆ ಮಾಡಿದಳು.

ಜೀಪು ಹತ್ತುವಾಗ ರಾಮಲಿಂಗ ಇಮ್ಯಾನುಯೆಲ್ಲರಿಗೆ ಕೈ ಮುಗಿದ. "ಅದಷ್ಟು ಒಡದು ಹೊಸದಾಗಿ ಹಾಕಸ್ರಿ, ಸಾಹೇಬ್ರ. ಲಾರಿ ಹಾಯ್ದ್ರ ಸೀಳತೈತಿ."

* * *

ಹದಿನೈದು ದಿನ ಕಳೆದು ದ್ರಾಕ್ಷಾಯಿಣಿ ಪಡುಬಿದ್ರಿಗೆ ಹೋಗುವಾಗ ಗೇಟಿನ ಹೊರಗೆ ಜೀಪು ನಿಲ್ಲಿಸಿದಳು. ಹದಿನೆಂಟು ಅಡಿ ಒಡೆದು ತೆಗೆದಿದ್ದರು. ಹೊಸ ಜಾಲರಿ ಹಾಸಿತ್ತು. ಮಿಕ್ಸರ್ ಲಾರಿ ತಿರುಗುತ್ತಿತ್ತು. ಕೊಕ್ಕೆ ಹುಲಿಗೆವ್ವನ ಕೈಯಲ್ಲಿತ್ತು.

ಬಿಡುಗಡೆಯಾಗಿ ಬಂದ ಭೀಮೇಶ ನಾಲ್ಕು ಹೆಜ್ಜೆ ಆಚೆ ಸಲಿಕೆ ಹಿಡಿದು ನಿಂತಿದ್ದ. ಹೆಂಡತಿಯ ಕಡೆ ನೋಡುತ್ತಿರಲಿಲ್ಲ. ಅವಳು ಬಾಯಿ ಮುಚ್ಚಿ ಕೂತ ಮೂರು ದಿನಗಳನ್ನು ಅವನು ಲಾಕಪ್ಪಿನಲ್ಲಿ ಕಳೆದಿದ್ದ. ಬಂದ ಮೇಲೆ ಒಂದು ಮಾತೂ ಆಡಿಲ್ಲವೆಂದು ಇಮ್ಯಾನುಯೆಲ್ ತಗ್ಗಿದ ದನಿಯಲ್ಲಿ ಹೇಳಿದರು.

ಕಾಂಕ್ರೀಟು ಬಿತ್ತು. ಹುಲಿಗೆವ್ವ ಕೊಕ್ಕೆ ಹಾಕಿ ಎಳೆದಳು. ಜಾಲರಿ ಬರಲಿಲ್ಲ. ಮತ್ತೆ ಎಳೆದಳು. ತೋಳಿನ ನರ ಎದ್ದವು. ಅವಳು ಎಳೆಯುತ್ತಲೇ ಇದ್ದದ್ದನ್ನು ನೋಡಿ ದ್ರಾಕ್ಷಾಯಿಣಿ ಗೇಟು ದಾಟಿ ಒಂದು ಹೆಜ್ಜೆ ಮುಂದಿಟ್ಟಳು, ಕೈ ಕೊಡಲು ಹೋದವಳಂತೆ.

"ಅದರ ಮ್ಯಾಲ ನಿಂತೀರಿ," ಹುಲಿಗೆವ್ವ ಗಂಡನಿಗೆ ಹೇಳಿದಳು. "ಮ್ಯಾಲ ಬರವಲ್ದು."

ಭೀಮೇಶ ತನ್ನ ಬೂಟು ನೋಡಿಕೊಂಡ. ಆಮೇಲೆ ಕಾಲು ಎತ್ತಿ ಪಕ್ಕಕ್ಕೆ ಇಟ್ಟ.