ಹರಟೆ ಹೊಡೆಯುವ ಅಳಿಯ

ಖಳನಾಯಕ ಮಚ್ಚು ಎತ್ತಿದ. ಅದು ಕೆಳಗಿಳಿಯುವಷ್ಟರಲ್ಲಿ ಎದುರಿಗಿದ್ದವನ ತಲೆಯ ಜಾಗಕ್ಕೆ ತೆಂಗಿನಕಾಯಿ ಬಂದಿತ್ತು. ಕಾಯಿ ಎರಡು ಹೋಳಾಯಿತು, ಇಬ್ಬರೂ ಭಕ್ತಿಯಿಂದ ಕೈಮುಗಿದರು. ಮುಂದಿನ ದೃಶ್ಯದಲ್ಲಿ ನಾಯಕ ನಾಯಕಿಯನ್ನು ಹಾಸಿಗೆಯತ್ತ ಎಳೆದುಕೊಂಡವನೇ ಅವಳೊಡನೆ ಸತ್ಯನಾರಾಯಣ ಪೂಜೆಗೆ ಕುಳಿತುಬಿಟ್ಟ. ತುಮಕೂರಿನ ಮನೆಯಲ್ಲಿ ಟಿ.ವಿ. ನೋಡುತ್ತಿದ್ದ ಪಂಕಜಾಕ್ಷಮ್ಮನಿಗೆ ಹಾಯೆನಿಸಿತು.

ಇದೆಲ್ಲ ಬಿಂಬಶೋಧಕ ಯಂತ್ರದ ಕರಾಮತ್ತು. ಜನರ ಬಾಯಲ್ಲಿ ಅದು ಬರೀ ‘ಜರಡಿ’. ಹಿಂದಿನ ಸೆನ್ಸಾರಿನವರು ಕತ್ತರಿ ಹಾಕುತ್ತಿದ್ದರು. ಕತ್ತರಿ ಬಿದ್ದ ಕಡೆ ಕಥೆ ಕುಂಟುತ್ತಿತ್ತು, ಅಭಿವ್ಯಕ್ತಿ ಸ್ವಾತಂತ್ರ್ಯದವರು ಬೊಬ್ಬೆ ಹೊಡೆಯುತ್ತಿದ್ದರು. ಜರಡಿ ಏನನ್ನೂ ಕತ್ತರಿಸುವುದಿಲ್ಲ. ಹಿಂಸೆಯೋ ಅಶ್ಲೀಲವೋ ಕಂಡರೆ ಕಣ್ಣು ಮಿಟುಕಿಸುವುದರೊಳಗೆ ಬೇರೆ ಚಿತ್ರ ಹೆಣೆದು, ಆಡಿದವರ ದನಿಯಲ್ಲೇ ಬೇರೆ ಮಾತು ತುಂಬುತ್ತದೆ. ಅದನ್ನು ಮನೆಮನೆಗೂ ಕಡ್ಡಾಯ ಮಾಡಿಸಲು ಚಳವಳಿ ನಡೆಸಿದವರೇ ಈ ಪಂಕಜಾಕ್ಷಮ್ಮ. ಗಟ್ಟಿಗಿತ್ತಿ ಹೆಂಗಸು. ಟಿ.ವಿ., ಫೋನು ಎಂಬ ಭೇದ ಬೇಡ, ಮನೆಯ ಯಾವ ತೆರೆಯ ಮೇಲೂ ಕೊಳಕು ಮೂಡಬಾರದು, ಯಾರೂ ಜರಡಿಯನ್ನು ಆರಿಸುವಂತಿರಬಾರದು ಎಂದು ಪಟ್ಟು ಹಿಡಿದು ಕಾನೂನು ಬರೆಸಿದ್ದರು.

ಭಾನುವಾರಗಳಂದು ಮಗಳು ಮಂದಾಕಿನಿ ರಾಯಚೂರಿನ ಗಂಡನ ಮನೆಯಿಂದ ಅದೇ ಟಿ.ವಿ.ಯಲ್ಲಿ ಬಂದು ಮಾತಾಡುತ್ತಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹಣೆಯಲ್ಲಿ ಅಗಲ ಕುಂಕುಮ, ಕೆನ್ನೆಗೆ ದಟ್ಟ ಅರಿಶಿನ.

“ಅಳಿಯಂದಿರು ಚೆನ್ನಾಗಿದ್ದಾರೇನೇ?”

“ದಿನಾ ನನ್ನ ಜೊತೆ ಹರಟೆ ಹೊಡೀತಾರಮ್ಮ. ನಿನ್ನೆಯಂತೂ ತುಂಬಾ ಹೊತ್ತು ಹೊಡೆದ್ರು.”

“ಪುಣ್ಯ ಮಾಡಿದ್ದೆ ಬಿಡು! ನಿಮ್ಮಪ್ಪ ಇರೋವರೆಗೂ ನನ್ನ ಹತ್ರ ನಾಲ್ಕು ಮಾತಾಡ್ಲಿಲ್ಲ. ಅವರಿಗೆ ಹೊಂದ್ಕೊಂಡು ಹೋಗು.”

ಮಂದಾಕಿನಿ ನಕ್ಕಳು. ಆ ನಗು ಮುಖದ ಮೇಲೆ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನಿಂತಿತ್ತು. ಹಿಂದಿನಿಂದ ಕೈಯೊಂದು ಬಂದು ಅವಳ ಮುಡಿಗೆ ಮಲ್ಲಿಗೆ ಮುಡಿಸಿತು, ಅಷ್ಟಕ್ಕೆ ಕರೆ ಕಡಿದುಹೋಯಿತು.

ಆ ವಾರವೇ ಮಹಿಳಾ ಸಮಾಜದಲ್ಲಿ ಜರಡಿಯ ಜನಕ, ವಿಜ್ಞಾನಿ ಡಾ. ವಿಶ್ವಂಭರ ಅವರಿಗೆ ಸನ್ಮಾನ. ಶಾಲು ಹಾರ ಮುಗಿದು ಕಾಫಿ ಬಂದಾಗ ಪಂಕಜಾಕ್ಷಮ್ಮ ಕೇಳಿದರು: “ಡಾಕ್ಟ್ರೇ, ಚಿತ್ರ ಸರಿ. ಮಾತನ್ನ ಹೇಗೆ ಬದಲಾಯಿಸತ್ತೆ?”

“ತಲೆನೋವಾಗಿದ್ದೇ ಅದು, ಅಮ್ಮ. ಕನ್ನಡದಲ್ಲಿ ಹೊಡೆಯೋದು ಅಂದ್ರೆ ಬರೀ ಏಟಲ್ಲ ನೋಡಿ. ನಿದ್ದೆ ಹೊಡೀತೀವಿ, ಗಂಟೆ ಹೊಡೀತೀವಿ. ಮೊದಮೊದಲು ಯಂತ್ರ ಎಲ್ಲಾನೂ ಅಳಿಸಿಬಿಡ್ತಿತ್ತು. ಆಮೇಲೆ ಕಲಿಸಿದ್ವಿ: ಕ್ರಿಯಾಪದ ಮುಟ್ಟಬೇಡ, ಅದಕ್ಕೊಂದು ಒಳ್ಳೇ ಪದ ಅಂಟಿಸು ಸಾಕು. ‘ಹೆಂಡ್ತಿಗೆ ಹೊಡೆದ’ ಅನ್ನೋದು ‘ಹೆಂಡ್ತಿ ಜೊತೆ ಹರಟೆ ಹೊಡೆದ’ ಆಗತ್ತೆ!” ವಿಜ್ಞಾನಿ ಮಗುವಿನಂತೆ ನಕ್ಕರು.

ಪಂಕಜಾಕ್ಷಮ್ಮ ಕಾಫಿ ಲೋಟ ಕೆಳಗಿಟ್ಟರು. “ಗಾಯ ಇದ್ರೆ?”

“ಊತಕ್ಕೆ ಅರಿಶಿನ, ರಕ್ತಕ್ಕೆ ಕುಂಕುಮ. ನೋಡೋರಿಗೆ ಹಿತವಾಗಿರ್ಲಿ ಅಂತ ಕಾನೂನಿನ ಸಮಿತೀಲಿ ನೀವೇ ಅಲ್ವೇ ಹೇಳಿದ್ದು?”

ಅವರು ಮನೆಗೆ ಓಡಿಬಂದು ಕರೆ ಹಚ್ಚಿದರು. “ಮಂದಾ, ನಿಂಗೆ ಹೊಡೀತಾರೇನೇ?”

ತೆರೆಯ ಮೇಲೆ ಅರಿಶಿನದ ಮುಖ ಸುಮ್ಮನೆ ನಗುತ್ತಿತ್ತು. ತಾಯಿ ತಡೆಯಲಾರದೆ ಎದೆ ಎದೆ ಬಡಿದುಕೊಂಡರು. ಆಗ ತೆರೆಯ ಮೂಲೆಯಲ್ಲಿದ್ದ ತಮ್ಮದೇ ಪುಟ್ಟ ಚಿತ್ರ ಕಣ್ಣಿಗೆ ಬಿತ್ತು. ಅದರಲ್ಲಿ ಪಂಕಜಾಕ್ಷಮ್ಮ ನಗುನಗುತ್ತಾ ಚಪ್ಪಾಳೆ ತಟ್ಟುತ್ತಿದ್ದರು. ಇವರು ಕೈ ಇಳಿಸಿದ ಮೇಲೂ ಚಿತ್ರದವರು ಒಂದು ಗಳಿಗೆ ತಟ್ಟುತ್ತಲೇ ಇದ್ದರು.

ಮರುದಿನ ರಾಯಚೂರಿನಲ್ಲಿ ಬಾಗಿಲು ತೆರೆದ ಮಂದಾಕಿನಿಯ ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಅರಿಶಿನವಿಲ್ಲ, ಕುಂಕುಮವಿಲ್ಲ. ಪಂಕಜಾಕ್ಷಮ್ಮ ಮುಖ ಸವರಲು ಕೈ ಚಾಚಿದರೆ ಮಗಳು ಮೊಣಕೈ ಅಡ್ಡ ಹಿಡಿದು ಹಿಂದೆ ಸರಿದಳು.

“ನಡಿಯೇ, ನಮ್ಮ ಮನೆಗೆ ಹೋಗೋಣ. ನಂಗೆ ಗೊತ್ತೇ ಆಗ್ಲಿಲ್ಲ ಕಣೇ.”

“ವಾರವಾರ ಬಾಯಿಬಿಟ್ಟು ಹೇಳಿದ್ನಲ್ಲಮ್ಮ,” ಎಂದಳು ಮಂದಾಕಿನಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ. “ಪುಣ್ಯ ಮಾಡಿದ್ದೆ ಅಂದೆ. ನಿನ್ನೆ ‘ಹರಟೆ ಹೊಡೀತಾರೇನೇ’ ಅಂತ ಕೇಳಿ, ನನ್ನ ಮುಖ ನೋಡಿ ಚಪ್ಪಾಳೆ ಬೇರೆ ತಟ್ಟಿದೆ. ಇವತ್ತು ಯಾಕೆ ಬಂದೆ, ಹತ್ತಿರದಿಂದ ನೋಡೋಕಾ?”

ಅಷ್ಟು ಹೇಳಿ ಅವಳು ಬಾಗಿಲು ಹಾಕಿಕೊಂಡಳು.