ಬಿಸಿಲಿನಿಂದ ಹೆಸರು ಕೊರೆದವಳು

ಈಗಿನ ಊರುಗಳು ಹುಟ್ಟುವುದಕ್ಕೆ ಎಷ್ಟೋ ಮೊದಲು, ಏಳು ಗುಡ್ಡಗಳ ಆಚೆ ಸಿರಿವಾಳ ಎಂಬ ರಾಜ್ಯವಿತ್ತು. ಅಲ್ಲಿ ಮಗು ಹುಟ್ಟಿದ ಹನ್ನೆರಡನೆಯ ದಿನ ಅದರ ಹೆಸರನ್ನು ಓಲೆಯ ಮೇಲೆ ಮಸಿಯಲ್ಲಿ ಬರೆದು ಬಾಗಿಲಿಗೆ ಕಟ್ಟುತ್ತಿದ್ದರು. ಓಲೆಯ ಮೇಲೆ ಹೆಸರು ಇರುವತನಕ ಆ ಮನುಷ್ಯನಿಗೆ ತಾನು ಯಾರೆಂದು ತಿಳಿದಿರುತ್ತಿತ್ತು.

ಆ ರಾಜ್ಯಕ್ಕೆ ಒಬ್ಬ ಮಾಂತ್ರಿಕ ಬಂದ. ಅವನಿಗೆ ಮಸಿಯೇ ಅನ್ನ, ಮಸಿಯೇ ನೀರು. ಜನ ಅವನನ್ನು ಮಸಿನುಂಗ ಎಂದರು. ನಡುಹಗಲಲ್ಲಿ ಬರುತ್ತಿದ್ದ. ಬಾಗಿಲ ಮುಂದೆ ನಿಂತು, ಮೊಳದುದ್ದದ ನಾಲಿಗೆ ಚಾಚಿ, ಓಲೆಯನ್ನು ಒಮ್ಮೆ ನೆಕ್ಕುತ್ತಿದ್ದ. ಅಷ್ಟೇ. ಒಳಗೆ ರೊಟ್ಟಿ ತಟ್ಟುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಬರುತ್ತಿದ್ದಳು. ತಾಯಿ ಕೂಗಿದರೂ ತಿರುಗಿ ನೋಡುತ್ತಿರಲಿಲ್ಲ, ಮಗು ಸೆರಗು ಹಿಡಿದರೂ ನಿಲ್ಲುತ್ತಿರಲಿಲ್ಲ. ಮಸಿನುಂಗನ ಹಿಂದೆ ನಡೆದು, ಬಡಗಣ ದಿಕ್ಕಿನ ಮರೆಗುಂಡಿ ಎಂಬ ಗಣಿಗೆ ಇಳಿದು, ಅವನ ಕೋಟೆಗಾಗಿ ಕಲ್ಲು ಅಗೆಯುತ್ತಿದ್ದಳು. ಅಲ್ಲಿ ಯಾರನ್ನೂ ಯಾರೂ ಊಟಕ್ಕೆ ಕರೆಯುತ್ತಿರಲಿಲ್ಲ. ಕರೆಯಲು ಯಾರಿಗೂ ಹೆಸರಿರಲಿಲ್ಲ. ಹಸಿವೆಂದರೆ ಏನೆಂದು ಮರೆತವರು ನಿಂತಲ್ಲೇ ಕುಸಿದು ಸಾಯುತ್ತಿದ್ದರು.

ಮೊದಲು ಹೋದವನು ರಾಜನೇ. ಆಮೇಲೆ ಜನ ಹೆಸರನ್ನು ಕಲ್ಲಿನಲ್ಲಿ ಉಳಿಯಿಂದ ಕೆತ್ತಿದರು. ಕಲ್ಲು ಗಾಯ ಮಾಯ್ದಂತೆ ಮುಚ್ಚಿಕೊಂಡಿತು. ಕಾದ ಕಬ್ಬಿಣದಿಂದ ಮರದ ಮೇಲೆ ಬರೆದರು. ಮರ ಹೊಸ ತೊಗಟೆ ಹೊದೆಯಿತು. ಜನ ಸೋತರು.

ಆ ರಾಜ್ಯದಲ್ಲಿ ಬಾಚಲೆ ಎಂಬ ಹೆಂಗಸಿದ್ದಳು. ಮರದ ಬಾಚಣಿಗೆ, ಸೌಟು ಮಾಡಿ ಬದುಕುತ್ತಿದ್ದಳು. ಅವಳಿಗಿದ್ದವಳು ತಂಗಿ ನಾಗಲೆ ಒಬ್ಬಳೇ. ಒಂದು ಮಧ್ಯಾಹ್ನ ನಾಗಲೆ ಅಂಗಳದಲ್ಲಿ ಕೂತು ಬಾಚಣಿಗೆಯ ಹಲ್ಲು ಉಜ್ಜುತ್ತಿದ್ದಳು. ಬಾಚಲೆ ನೀರು ತಂದು ಒಳಗಿಡುವಷ್ಟರಲ್ಲಿ ಬಾಗಿಲಲ್ಲಿ ತಂಗಿಯ ಓಲೆ ಬೆಳ್ಳಗಾಗಿತ್ತು, ನಾಗಲೆ ಬೀದಿಯ ತಿರುವಿನಲ್ಲಿದ್ದಳು. ಬಾಚಲೆ ಓಡಿ ಹೋಗಿ ಅವಳ ತೋಳು ಹಿಡಿದಳು.

"ನಾಗೀ! ನಾಗೀ, ನಾನು ಕಣೇ!"

ನಾಗಲೆ ದಾರಿಗೆ ಅಡ್ಡ ಬಂದ ಕಂಬವನ್ನು ನೋಡುವಂತೆ ಅಕ್ಕನನ್ನು ನೋಡಿದಳು. ಬಳಸಿಕೊಂಡು ಮುಂದೆ ಹೋದಳು.

ಊರ ಕೊನೆಯಲ್ಲಿ ಸೋವಯ್ಯ ಎಂಬ ಮುದುಕನಿದ್ದ. ಹಿಂದೆ ಗಾಜು ಕಾಯಿಸುವ ಕೆಲಸ ಮಾಡಿದವನು. ಬಲಗಣ್ಣು ಇರಲಿಲ್ಲ. ಅವನ ಹೆಂಡತಿಯೂ ಮರೆಗುಂಡಿಗೆ ಹೋಗಿ ಎರಡು ವರ್ಷವಾಗಿತ್ತು. ಅವನ ಬಳಿ ಒಂದು ಸೂರ್ಯಕಾಂತ ಶಿಲೆ ಇತ್ತು. ಬಿಸಿಲಿಗೆ ಹಿಡಿದರೆ ಅದು ಬೆಳಕನ್ನೆಲ್ಲ ನುಂಗಿ, ಕೆಳಗಿನಿಂದ ಕೂದಲಿನಷ್ಟು ಸಣ್ಣ ಎಳೆಯಾಗಿ ಬಿಡುತ್ತಿತ್ತು. ಆ ಎಳೆ ತಾಗಿದ ಕಡೆ ಮರ ಸುಟ್ಟು ಗೆರೆ ಬೀಳುತ್ತಿತ್ತು. ಆ ಗೆರೆ ಮಾಯುತ್ತಿರಲಿಲ್ಲ.

ಬಾಚಲೆ ಅವನ ಮುಂದೆ ಕೂತು, "ಅಜ್ಜಾ, ನನಗೆ ಕಲಿಸು" ಎಂದಳು.

"ಕಷ್ಟ ತಾಯಿ."

"ಇರಲಿ."

"ಅವನ ಮಂತ್ರ ಮಸಿಯ ಮೇಲೆ ನಡೆಯುತ್ತೆ, ಉಳಿಯ ಮೇಲೆ ನಡೆಯುತ್ತೆ, ಬೆಂಕಿಯ ಮೇಲೂ ನಡೆಯುತ್ತೆ. ಬಿಸಿಲಿನ ಮೇಲೆ ನಡೆಯಲ್ಲ. ನನಗೆ ಗೊತ್ತಾಗುವ ಹೊತ್ತಿಗೆ ನನ್ನ ಕೈ ನಡುಗೋಕೆ ಶುರುವಾಗಿತ್ತು. ಒಂದು ಹೆಸರು ಬರೆಯೋಕೆ ನನಗೆ ಒಂದು ತಿಂಗಳು ಹಿಡಿಯಿತು." ಅವನು ಸೊಂಟದ ಚೀಲದಿಂದ ಒಂದು ಸಣ್ಣ ಹಲಗೆ ತೆಗೆದು ತೋರಿಸಿದ. ಅದರ ಮೇಲೆ 'ಚಂದಲೆ' ಎಂದಿತ್ತು. "ನನ್ನ ಹೆಂಡತಿ" ಎಂದು ಮತ್ತೆ ಚೀಲಕ್ಕೆ ಹಾಕಿಕೊಂಡ.

ಕಲಿಕೆ ಶುರುವಾಯಿತು. ಸೋವಯ್ಯ ಮೊದಲು ಹೊಗೆಯಲ್ಲಿ ಕಪ್ಪಾಗಿಸಿದ ಕಾಗೆಬಂಗಾರದ ತೆಳು ಬಿಲ್ಲೆಗಳನ್ನು ಅವಳ ಕಣ್ಣಿಗೆ ಕಟ್ಟಿದ. "ಇದಿಲ್ಲದೆ ಕೂರಬೇಡ. ಒಂದು ಗಳಿಗೆ ಅವಸರಪಟ್ಟೆ, ನನ್ನ ಬಲಗಣ್ಣು ಹೋಯಿತು." ಆಮೇಲೆ ಎತ್ತರ ಹೇಳಿದ. ಶಿಲೆಗೂ ಹಲಗೆಗೂ ನಡುವೆ ನಾಲ್ಕೇ ಬೆರಳು. ಭತ್ತದ ಕಾಳಿನಷ್ಟು ಏರಿದರೂ ಗೆರೆ ದಪ್ಪಗಾಗಿ ಮಸುಕಾಗುತ್ತೆ. ಆಮೇಲೆ ಕೈಯ ವೇಗ ಹೇಳಿದ. ನಿಧಾನವಾದರೆ ತೂತು, ಅವಸರವಾದರೆ ಬರೀ ಕಲೆ.

"ಇನ್ನೊಂದು ಮಾತು" ಎಂದ. "ಯಾವುದರಿಂದ ಆದದ್ದೆಂದು ಗೊತ್ತಿಲ್ಲದ ವಸ್ತುವಿನ ಮೇಲೆ ಎಳೆ ಬಿಡಬೇಡ. ಕೆಲವುಗಳ ಹೊಗೆ ಎದೆಯನ್ನು ತಿಂದುಹಾಕುತ್ತೆ."

ಬಾಚಲೆಗೆ ಅಂದೇ ತಂಗಿಯ ಹೆಸರು ಬರೆಯುವ ಆಸೆ. ಬರೆದಳು. 'ನಾ' ಸರಿಯಾಗಿ ಬಂತು. 'ಗ' ಬರೆಯುವಾಗ ಕೈ ತಡೆಯಿತು. ಹಲಗೆ ತೂತಾಗಿ ಹೊತ್ತಿಕೊಂಡಿತು. ಅವಳು ಅದಕ್ಕೇ ತೇಪೆ ಹಾಕಲು ಹೊರಟಾಗ ಸೋವಯ್ಯ ಕಿತ್ತುಕೊಂಡು ಎಸೆದ.

"ಅರ್ಧ ಹೆಸರು ಕಟ್ಟಿದರೆ ಅರ್ಧ ಮನುಷ್ಯಳು ಬರುತ್ತಾಳೆ. ಹೆಸರಿಗೆ ಮೊದಲು ಚೌಕ ಬರೆ."

ಚೌಕ ಬರೆದಳು. ಬಾಚಣಿಗೆ ಮಾಡಿ ಉಳಿದ ಚೂರುಗಳ ಮೇಲೆ, ಉಗುರಿನಷ್ಟು ಚೌಕಗಳು, ಸಾಲು ಸಾಲಾಗಿ. ಒಂದು ಚೌಕಕ್ಕೆ ಒಂದು ಉಸಿರು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು. ಹಲಸು ಬೇಗ ಕೆಂಪಾಗುತ್ತಿತ್ತು. ತೇಗ ಎಣ್ಣೆ ಕಾರುತ್ತಿತ್ತು. ಬಿದಿರು ಗಂಟಿನ ಬಳಿ ಮೊಂಡುತನ ಮಾಡುತ್ತಿತ್ತು. ಮೋಡ ಬಂದರೆ ಕೆಲಸವಿಲ್ಲ. ಬೆರಳುಗಳು ಬೆಂದವು, ಹುಬ್ಬು ಸುಟ್ಟಿತು, ಗಂಟಲಲ್ಲಿ ಸದಾ ಹೊಗೆ. ಮೂರು ತಿಂಗಳಾದ ಮೇಲೆ ಒಂದು ದಿನ ಹಲಸಿನ ಬಿಲ್ಲೆಯ ಮೇಲೆ 'ನಾಗಲೆ' ಎಂದು ಮೂರೂ ಅಕ್ಷರ ಸಮನಾಗಿ ಬಿದ್ದವು. ಬಾಚಲೆ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಅತ್ತಳು.

ಪಕ್ಕದ ಮನೆಯ ಗಾಣದ ಹರಿಯಕ್ಕ ಅದನ್ನು ನೋಡಿದಳು. "ನನ್ನ ಗಂಡನದೊಂದು ಮಾಡಿಕೊಡೇ. ಅವರ ಓಲೆ ಇನ್ನೂ ಉಳಿದಿದೆ, ಹೋಗೋದರೊಳಗೆ" ಎಂದಳು. ಬಾಚಲೆ ಗಂಡ ಹೆಂಡಿರಿಬ್ಬರದೂ ಮಾಡಿಕೊಟ್ಟಳು. ಮಸಿಯ ಓಲೆ ಬಿಚ್ಚಿ ಆ ಜಾಗದಲ್ಲಿ ಬಿಲ್ಲೆಗಳನ್ನು ಕಟ್ಟಿದರು. ಮಸಿನುಂಗ ಆ ಬೀದಿಗೆ ಬಂದ, ಹರಿಯಕ್ಕನ ಬಾಗಿಲಲ್ಲಿ ಗಾಳಿ ಮೂಸಿದ, ಮಸಿಯ ವಾಸನೆ ಸಿಗದೆ ಮುಂದಿನ ಬಾಗಿಲಿಗೆ ಹೋದ. ಮುಂದಿನ ಮನೆಯಿಂದ ಇಬ್ಬರು ಎದ್ದು ಹೋದರು.

ಮರುದಿನದಿಂದ ಬಾಚಲೆಯ ಅಂಗಳದಲ್ಲಿ ಸಾಲು. ಕೆಲವರು ಎಣ್ಣೆ ತಂದರು, ಕೆಲವರು ರಾಗಿ, ಹಲವರು ಬರಿಗೈಯಲ್ಲಿ ಬಂದರು. ಎಲ್ಲರಿಗೂ ಕೊರೆದುಕೊಟ್ಟಳು. ಬಾಚಣಿಗೆ ಮಾಡುವುದು ನಿಂತೇಹೋಯಿತು. ಅವಳನ್ನು ಜನ ಹೆಸರಿನ ಬಾಚಲೆ ಎಂದು ಕರೆಯತೊಡಗಿದರು. ಒಂದು ದಿನ ಒಬ್ಬ ಹೆಂಗಸು ಸಾಲಿನ ಕೊನೆಯಲ್ಲಿ ಸುಮ್ಮನೆ ನಿಂತಿದ್ದಳು.

"ಯಾರ ಹೆಸರಮ್ಮಾ?"

"ನನ್ನ ಮಗನದು. ಅವನು ಹೋಗಿ ವರ್ಷವಾಯಿತು. ಮಾಡಿಟ್ಟಿರು. ನೀನು ತಂಗಿಯನ್ನು ಕರೆಯೋಕೆ ಹೋಗುತ್ತೀಯಲ್ಲ, ಅವನ ಕೊರಳಿಗೂ ಒಂದು ಕಟ್ಟಿಬಿಡು. ಎಡಗೈಯಲ್ಲಿ ಆರು ಬೆರಳು."

ಬಾಚಲೆ ಬಿಲ್ಲೆಯ ಮುಂದೆ ಹೆಸರು ಕೊರೆದಳು, ಹಿಂದೆ ಆರು ಗೆರೆ ಎಳೆದಳು. ಸುದ್ದಿ ಹಬ್ಬಿತು. ಹರಿದ ಕಿವಿ, ಹಣೆಯ ಗಾಯ, ಕುಂಟು ಕಾಲು. ಎಂಟುನೂರು ಬಿಲ್ಲೆಗಳಾದವು. ಅರಮನೆಯಿಂದ ರಾಣಿಯೂ ಬಂದು ಸಾಲಿನಲ್ಲಿ ನಿಂತಳು. ಬಿಲ್ಲೆಗಳನ್ನೆಲ್ಲ ಎರಡು ಕತ್ತೆಗಳ ಮೇಲೆ ಹೇರಿ, ಬಾಚಲೆಯೂ ಸೋವಯ್ಯನೂ ಬಡಗಣ ದಾರಿ ಹಿಡಿದರು.

ಮರೆಗುಂಡಿಯ ದಾರಿಯಲ್ಲಿ ಮೂರು ಬಾಗಿಲು, ಬಾಗಿಲಿಗೊಂದು ಮಾಯಾಮೃಗ.

ಮೊದಲ ಬಾಗಿಲಲ್ಲಿ ಒಣಹುಲ್ಲಿನ ಎತ್ತು ನಿಂತಿತ್ತು. "ನನ್ನ ಮೇಲೆ ಒಂದು ಅಕ್ಷರ ಕೊರೆ, ಮುಂದೆ ಹೋಗು. ಕೊರೆಯಲಾರೆಯಾದರೆ ಇಲ್ಲೇ ಉಳಿ" ಎಂದಿತು. ಅದರ ಕಾಲಡಿ ಬೂದಿಯ ರಾಶಿಯಿತ್ತು, ಬೂದಿಯಲ್ಲಿ ಮನುಷ್ಯರ ಮೂಳೆಗಳಿದ್ದವು. ಹುಲ್ಲಿಗೆ ಕಿಡಿ ತಾಗಿದರೆ ಎತ್ತೂ ಬಂದವರೂ ಕೂಡಿಯೇ ಉರಿದು, ಎತ್ತು ಮಾತ್ರ ಬೂದಿಯಿಂದ ಮತ್ತೆ ಏಳುವುದು ಅಲ್ಲಿನ ಕಟ್ಟಳೆ. ಬಾಚಲೆ ಉಸಿರು ಹಿಡಿದು, ಮಿಂಚು ಹರಿದಂತೆ ಕೈ ಓಡಿಸಿದಳು. ಹುಲ್ಲಿನ ಮೇಲೆ 'ಅ' ಎಂಬ ಅಕ್ಷರ ಬರೀ ಕಂದಾಗಿ ಮೂಡಿತು. ಹೊಗೆ ಕೂಡ ಏಳಲಿಲ್ಲ. ಎತ್ತು ಮೊಣಕಾಲೂರಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಬಿಳಿಯ ಹಾವು ಸುತ್ತಿಕೊಂಡಿತ್ತು. ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಹಾವಿನದೂ ಅಲ್ಲ, ಮೀನಿನದೂ ಅಲ್ಲ. "ನನ್ನ ಮೇಲೆ ಒಂದು ಅಕ್ಷರ ಕೊರೆ, ಮುಂದೆ ಹೋಗು. ಕೊರೆಯಲಾರೆಯಾದರೆ ಇಲ್ಲೇ ಉಳಿ."

ಸೋವಯ್ಯ ಹತ್ತಿರ ಹೋಗಿ ಮೂಸಿದ. ಹಿಂದೆ ಸರಿದು ಬಾಚಲೆಯ ಕೈಯಿಂದ ಶಿಲೆ ಇಸಿದುಕೊಂಡ.

"ಇದರ ಹೊಗೆ ವಿಷ. ಕತ್ತೆಗಳನ್ನು ಹೊಡೆದುಕೊಂಡು ಆ ಬಂಡೆಯ ಆಚೆ ಹೋಗು. ಗಾಳಿ ನಿನ್ನ ಕಡೆಯಿಂದ ಬೀಸುತ್ತಿರಬೇಕು."

"ಅಜ್ಜಾ, ನಿನ್ನ ಕೈ ನಡುಗುತ್ತೆ. ನಾನು ಬರೆಯುತ್ತೇನೆ."

"ಒಂದು ಅಕ್ಷರ ತಾನೇ, ಅಷ್ಟಾಗುತ್ತೆ. ಎಂಟುನೂರು ಜನಕ್ಕೆ ಬಿಲ್ಲೆ ಕಟ್ಟೋಕೆ ಗಟ್ಟಿ ಎದೆ ಬೇಕು. ಅದು ನಿನ್ನ ಹತ್ತಿರ ಇದೆ. ಹೋಗು, ಎದುರು ಮಾತಾಡಬೇಡ." ಸೊಂಟದ ಚೀಲ ಬಿಚ್ಚಿ ಅವಳ ಕೈಗಿಟ್ಟ. "ಬೆನ್ನು ಸ್ವಲ್ಪ ಬಾಗಿದೆ. ಎಡಗೆನ್ನೆಯಲ್ಲಿ ಮಚ್ಚೆ."

ಬಾಚಲೆ ಬಂಡೆಯ ಆಚೆ ನಿಂತಳು. ಹಸಿರು ಹೊಗೆ ಎದ್ದದ್ದು ಕಾಣಿಸಿತು. ಕೆಮ್ಮು ಕೇಳಿಸಿತು. ಕೆಮ್ಮು ಬಹಳ ಹೊತ್ತು ಕೇಳಿಸಿತು. ಅದು ನಿಂತ ಮೇಲೆ, ಗಾಳಿ ಹೊಗೆಯನ್ನು ಒಯ್ದ ಮೇಲೆ, ಅವಳು ಹೋಗಿ ನೋಡಿದಳು. ಹಾವಿನ ಮೇಲೆ ಅಕ್ಷರ ಸೊಟ್ಟಗಿತ್ತು, ಆದರೆ ಪೂರ್ತಿಯಾಗಿತ್ತು. ಹಾವು ಸತ್ತು ಬಿದ್ದಿತ್ತು. ಸೋವಯ್ಯ ಶಿಲೆಯನ್ನು ಎದೆಗವುಚಿಕೊಂಡು ಮಲಗಿದ್ದ. ಅವನ ತುಟಿ ಹಸಿರಾಗಿತ್ತು. ಬಾಚಲೆ ಕೈಯಲ್ಲೇ ಮಣ್ಣು ತೋಡಿ ಅವನನ್ನು ಹೂತಳು. ತಲೆಯ ಬಳಿ ಒಂದು ಹಲಗೆ ನೆಟ್ಟು ಅವನ ಹೆಸರು ಕೊರೆದಳು.

ಮೂರನೆಯ ಬಾಗಿಲಲ್ಲಿ ಕನ್ನಡಿಯ ಹುಲಿ ಕೂತಿತ್ತು. ಅದರ ಮೈಯಲ್ಲಿ ಬಾಚಲೆ ತನ್ನ ಮುಖವನ್ನೇ ಕಂಡಳು. ಹೊಗೆಗೆ ಕಪ್ಪಾದ, ಅತ್ತು ಊದಿದ ಮುಖ. "ನನ್ನ ಮೇಲೆ ಒಂದು ಅಕ್ಷರ ಕೊರೆ, ಮುಂದೆ ಹೋಗು. ಕೊರೆಯಲಾರೆಯಾದರೆ ಇಲ್ಲೇ ಉಳಿ."

ಅವಳು ಎಳೆ ಬಿಟ್ಟಳು. ಎಳೆ ಹುಲಿಯ ಮೈಗೆ ತಾಗಿ ಹಾಗೇ ತಿರುಗಿತು. ಕಾಗೆಬಂಗಾರದ ಬಿಲ್ಲೆ ಸೀಳಿ ಎಡಗಣ್ಣಿಗೆ ಹೊಕ್ಕಿತು. ಬಾಚಲೆ ಕಿರುಚಿ ಕೆಸರಿನಲ್ಲಿ ಬಿದ್ದಳು. ಹುಲಿ ನಕ್ಕಿತು.

ನೋವು ಸ್ವಲ್ಪ ತಗ್ಗುವತನಕ ಅವಳು ಅಲ್ಲೇ ಬಿದ್ದಿದ್ದಳು. ಕಣ್ಣು ಒರೆಸಿಕೊಳ್ಳಲು ಕೈ ಎತ್ತಿದಾಗ ಕೈ ತುಂಬ ಕೆಸರು. ಆಗ ಯೋಚನೆ ಬಂತು. ಹೊಳಪು ಇರುವತನಕ ತಾನೇ ಬೆಳಕು ತಿರುಗುವುದು? ಅವಳು ಕೆಸರನ್ನು ಬೊಗಸೆಯಲ್ಲಿ ತುಂಬಿ ಹುಲಿಯ ಪಕ್ಕೆಗೆ ಬಳಿದಳು. ಅಕ್ಷರ ಬರೆಯುವವರು ಮುಟ್ಟಿದರೆ ಹುಲಿ ಕದಲುವಂತಿರಲಿಲ್ಲ. ಕೆಸರು ಬಿಸಿಲಿಗೆ ಒಣಗಿತು. ಅದರ ಮೇಲೆ ಎಳೆ ಬಿಟ್ಟಳು, ಎಳೆ ಕಚ್ಚಿತು. ಕೆಸರು ತೊಳೆದಾಗ ಕನ್ನಡಿಯಲ್ಲಿ ಅಕ್ಷರ ಕಪ್ಪಗೆ ನಿಂತಿತ್ತು. ಹುಲಿ ನಡುವೆ ಬಿರಿದು ಚೂರಾಯಿತು.

ಮರೆಗುಂಡಿಯಲ್ಲಿ ನೂರಾರು ಸುತ್ತಿಗೆಗಳ ಸದ್ದಿತ್ತು, ಒಂದು ಮಾತೂ ಇರಲಿಲ್ಲ. ಎಲ್ಲರ ಮೈಮೇಲೂ ಕಲ್ಲಿನ ಧೂಳು. ಬಾಚಲೆ ಒಂದೇ ಕಣ್ಣಲ್ಲಿ ಹುಡುಕಿದಳು. ನಾಗಲೆ ಸಿಕ್ಕಳು, ತೋಳು ಕಡ್ಡಿಯಂತಾಗಿತ್ತು. ಬಿಲ್ಲೆಯನ್ನು ಕೊರಳಿಗೆ ಕಟ್ಟಿದಳು. ನಾಗಲೆ ಸುತ್ತಿಗೆ ಕೆಳಗಿಟ್ಟಳು.

"ಅಕ್ಕಾ, ಹಸಿವಾಗ್ತಿದೆ" ಎಂದಳು. ಆಮೇಲೆ, "ನಿನ್ನ ಕಣ್ಣಿಗೆ ಏನಾಯಿತೇ?"

ಬುತ್ತಿಯ ಗಂಟನ್ನು ಅವಳ ಕೈಗೆ ಕೊಟ್ಟು ಬಾಚಲೆ ಬೆನ್ನು ಬಾಗಿದವಳನ್ನು ಹುಡುಕಿದಳು. ಕೆನ್ನೆಯ ಧೂಳು ಒರೆಸಿ ಮಚ್ಚೆ ನೋಡಿದಳು, ಬಿಲ್ಲೆ ಕಟ್ಟಿದಳು. ಚಂದಲೆ ಸುತ್ತ ನೋಡಿ, ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಇದು ಅವರ ಕೈಬರಹ. ಅವರೆಲ್ಲಿ?"

"ದಾರಿಯಲ್ಲಿ ತೀರಿಕೊಂಡರು, ಅಮ್ಮ. ನನ್ನ ಬದಲಿಗೆ."

ಚಂದಲೆ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಆಮೇಲೆ ಕೈ ಚಾಚಿ, "ಒಂದು ಚೀಲ ಇತ್ತ ಕೊಡು" ಎಂದಳು. ಮೂವರೂ ಕಟ್ಟುತ್ತಾ ಹೋದರು. ಬಿಲ್ಲೆ ಬಿದ್ದವರು ಮುಂದಿನವರಿಗೆ ಕಟ್ಟಿದರು. ಕಲ್ಲು ಹೊರುತ್ತಿದ್ದ ರಾಜನಿಗೆ ಒಬ್ಬ ಕುಂಬಾರ ಕಟ್ಟಿದ. ಆರು ಬೆರಳಿನವನಿಗೆ ಯಾರೋ ಕಟ್ಟಿದರು. ಅವನು ಅಮ್ಮಾ ಎಂದು ಕೂಗಿದ್ದು ಗಣಿಯ ತುದಿಯವರೆಗೆ ಕೇಳಿಸಿತು.

ಸುತ್ತಿಗೆಯ ಸದ್ದು ತಗ್ಗಿದ್ದು ಕೇಳಿ ಮಸಿನುಂಗ ಬಂದ. ಹತ್ತಿರ ಸಿಕ್ಕವನ ಬಿಲ್ಲೆಯನ್ನು ನೆಕ್ಕಿದ. ಏನೂ ಆಗಲಿಲ್ಲ. ಮತ್ತೆ ನೆಕ್ಕಿದ. ಹೆಸರು ಮರದ ಮೇಲಿರಲಿಲ್ಲ, ಮರದೊಳಗಿತ್ತು. ಅವನಿಗೆ ಹುಚ್ಚು ಹಿಡಿಯಿತು. ಚೀಲಕ್ಕೆ ಕೈಹಾಕಿ, ಉಳಿದಿದ್ದ ಬಿಲ್ಲೆಗಳನ್ನು ಹಿಡಿ ಹಿಡಿಯಾಗಿ ಬಾಯಿಗೆ ತುಂಬಿ ನುಂಗಿದ. ಹೊಟ್ಟೆಯೊಳಗೆ ಅಕ್ಷರಗಳಲ್ಲಿದ್ದ ಬಿಸಿಲು ಎದ್ದಿತು. ಮೊದಲು ಅವನ ಕಿವಿಗಳಿಂದ ಬೆಳಕು ಬಂತು, ಆಮೇಲೆ ಮೈ ಬಿರಿದು ಮಸಿ ಹೊಳೆಯಾಗಿ ಹರಿಯಿತು. ಹರಿದು ಮುಗಿದಾಗ ಅಲ್ಲಿ ಒಂದು ಒಣಗಿದ ತೊಗಲು ಮಾತ್ರ ಬಿದ್ದಿತ್ತು.

ಅವನು ನುಂಗಿದ ಬಿಲ್ಲೆಗಳು ಗಣಿಯಲ್ಲಿ ಮೊದಲೇ ಸತ್ತುಹೋಗಿದ್ದವರವು. ಅದನ್ನು ಅವರ ಮನೆಗಳಿಗೆ ಹೇಗೆ ಹೇಳುವುದೆಂದು ಬಾಚಲೆ ದಾರಿಯುದ್ದಕ್ಕೂ ಯೋಚಿಸಬೇಕಾಯಿತು.

ಇನ್ನೂ ನಲವತ್ತಮೂರು ಜನ ಉಳಿದಿದ್ದರು. ಅವರಿಗಾಗಿ ಸಾಲಿನಲ್ಲಿ ಯಾರೂ ನಿಂತಿರಲಿಲ್ಲ. ನಿಲ್ಲಬೇಕಾದವರು ತೀರಿಹೋಗಿದ್ದರು. ಆ ನಲವತ್ತಮೂರು ಜನ ಎಲ್ಲರೂ ಮೇಲೆ ಹತ್ತುವುದನ್ನು ನೋಡುತ್ತಾ ಕೆಳಗೇ ನಿಂತಿದ್ದರು.

ಬಾಚಲೆ ಹೊರಟವಳು ತಿರುಗಿ ಬಂದಳು. ಕಲ್ಲುಬಂಡಿಯ ಹಲಗೆ ಒಡೆಸಿ ಬಿಲ್ಲೆ ಮಾಡಿಸಿದಳು. ಬಿಸಿಲಲ್ಲಿ ಕೂತು, ಮೊದಲ ಮುದುಕನನ್ನು ಕೇಳಿದಳು: "ಅಣ್ಣಾ, ನಿಮ್ಮನ್ನು ಏನೆಂದು ಕರೆಯಲಿ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳು ಮತ್ತೆ ಕೇಳಿದಳು. ಅವನು ಆಕಾಶ ನೋಡಿ, "ಮುಗಿಲ" ಎಂದ. ಅವಳು ಕೊರೆದು ಕಟ್ಟಿದಳು. ಮೇಲಿನಿಂದ ರಾಜನೇ "ಮುಗಿಲಣ್ಣಾ, ಬಾ" ಎಂದು ಕೂಗಿದ. ಮುದುಕ ಕತ್ತು ತಿರುಗಿಸಿ ನೋಡಿದ.

ಎರಡು ಹಗಲು ಹಾಗೇ ಕಳೆಯಿತು. ಕೊನೆಯವಳು ಒಬ್ಬ ಹುಡುಗಿ. ಎಷ್ಟು ಕೇಳಿದರೂ ಅವಳಿಗೆ ಯಾವ ಹೆಸರೂ ಹೊಳೆಯಲಿಲ್ಲ. ಹಿಂದೆ ಹಿಂದೆ ಸರಿದಳು. ಆಗ ಚಂದಲೆ ಮುಂದೆ ಬಂದು ಅವಳ ಕೈ ಹಿಡಿದಳು.

"ಅವಸರವೇನೂ ಇಲ್ಲ ಮಗಳೇ. ನಮ್ಮ ಮನೆ ಖಾಲಿ ಇದೆ, ಬಾ. ಒಲೆ ಹಚ್ಚೋಣ, ಮೈಗೆ ನೀರು ಹಾಕಿಕೊಳ್ಳೋಣ. ಯಾವತ್ತು ಹೊಳೆಯುತ್ತೋ ಅವತ್ತು ಬರೆಸಿದರಾಯಿತು."

ಹುಡುಗಿ ಅವಳ ಜೊತೆ ಗುಂಡಿಯಿಂದ ಮೇಲೆ ಹತ್ತಿದಳು.

ಹೀಗೆ ಮಸಿನುಂಗ ಅಳಿದ, ಸಿರಿವಾಳ ಉಳಿಯಿತು. ಹೋದವರಿಗಾಗಿ ಜನ ಅತ್ತರು, ಬಂದವರಿಗೆ ಬಡಿಸಿದರು. ಅಂದಿನಿಂದ ಅಲ್ಲಿ ಮುಂಗಾರು ಸಮಯಕ್ಕೆ ಬಂತು, ತೊಟ್ಟಿಲುಗಳು ತುಂಬಿದವು, ಕೂಗಿದರೆ ಎಲ್ಲ ಮನೆಗಳಿಂದಲೂ ಓಗೊಡುವವರಿದ್ದರು.