ಹಳದಿ ಪೊರೆಯಲ್ಲಿ ಹೆಬ್ಬೆರಳು

ಕಾರು ತಿರುವಿನಲ್ಲಿ ಮಗುಚಿ ಬಿದ್ದಿತ್ತು. ಅರವತ್ತು ವರ್ಷ ಹಳೆಯ ಕಾರು. ಎರಡು ವರ್ಷ ಕೂತು ಹೊಸದು ಮಾಡಿದ್ದರು. ಬಂಪರಿನ ಕ್ರೋಮಿನಲ್ಲಿ ಆಕಾಶ ಕಾಣುತ್ತಿತ್ತು, ಸುತ್ತ ನಿಂತ ಜನ ಕಾಣುತ್ತಿದ್ದರು, ಕೆಳಗೆ ಹರಿದ ರಕ್ತವೂ ಕಾಣುತ್ತಿತ್ತು.

ಒಳಗಿದ್ದವನು ಸತ್ತು ಅರ್ಧ ಗಂಟೆಯಾಗಿತ್ತು. ಅವನು ಕಾರಿನ ಒಡೆಯನಲ್ಲ. ಅದರ ಒಂದೊಂದು ತುಂಡನ್ನೂ ಜೋಡಿಸಿದ ಫಿಟ್ಟರ್.

"ಕುಡಿದಿದ್ನಾ?" ಇನ್‌ಸ್ಪೆಕ್ಟರಮ್ಮ ಕೇಳಿದಳು.

"ವಾಸನೆ ಇಲ್ಲ ಮೇಡಂ," ಎಂದ ಕಾನ್‌ಸ್ಟೇಬಲ್ ಮೀಸೆ. ಅದು ಠಾಣೆಯವರು ಇಟ್ಟ ಹೆಸರು. ಹಾಜರಿ ಪುಸ್ತಕದ ಹೆಸರು ಅವನಿಗೇ ಮರೆತ ಹಾಗಿತ್ತು. "ಸ್ಟೀರಿಂಗ್ ಪೂರ್ತಿ ತಿರುಗಿಸಿದಾನೆ. ಚಕ್ರ ತಿರುಗಿಲ್ಲ. ನೆಟ್ಟಗೆ ಹೋಗಿ ಗೋಡೆಗೆ ಗುದ್ದಿದಾನೆ."

ಆಕೆ ಮಂಡಿಯೂರಿ ನೋಡಿದಳು. ಸ್ಟೀರಿಂಗಿನ ತೋಳು ಕಳಚಿ ಜೋತಾಡುತ್ತಿತ್ತು. ಹತ್ತು ಮಾರು ಹಿಂದೆ, ರಸ್ತೆಯ ಮೇಲೆ, ಬೋಲ್ಟಿನ ತಲೆ. ಹೊಸ ಹಳದಿ ಹೊಳಪು. ಕರವಸ್ತ್ರದಲ್ಲಿ ಎತ್ತಿಕೊಂಡಳು.

ಕಬ್ಬಿಣ ಬಗ್ಗಿರಲಿಲ್ಲ, ಎಳೆದು ಸಣ್ಣಗಾಗಿರಲಿಲ್ಲ. ಕಲ್ಲುಸಕ್ಕರೆ ಒಡೆದ ಹಾಗೆ ಕಾಳುಕಾಳಾಗಿ ತುಂಡಾಗಿತ್ತು.

"ಯಾರೋ ಗರಗಸ ಹಾಕಿದಾರೆ," ಎಂದ ಮೀಸೆ.

"ಗರಗಸದ ಗೆರೆ ತೋರ್ಸು ನೋಡೋಣ."



* * *

ಬೋಲ್ಟಿಗೆ ಹೊಳಪು ಕೊಟ್ಟಿದ್ದು ತಗಡಿನ ಮಾಡಿನ ಒಂದು ಗಿಲೀಟು ಅಂಗಡಿ. ಒಳಗೆ ಕಾಲಿಟ್ಟರೆ ಗಂಟಲು ಉರಿ. ಸಾಲಾಗಿ ತೊಟ್ಟಿಗಳು, ತಂತಿಗೆ ನೇತುಹಾಕಿದ ಹಿಡಿಕೆ, ತಿರುಪು, ಬಳೆ. ಗಾಳಿ ಆಡಲು ಇದ್ದದ್ದು ಒಂದು ಫ್ಯಾನು, ಅದೂ ಧಣಿಯ ಕೋಣೆಯಲ್ಲಿ.

ಗೋಡೆಯ ಹಲಗೆಯ ಮೇಲೆ ಆ ಕಾರಿನ ಪಟ್ಟಿ ಸೀಮೆಸುಣ್ಣದಲ್ಲಿತ್ತು. ಬಂಪರಿಗೆ ಕ್ರೋಮು. ಮೀಟರುಗಳ ಬಳೆಗೆ ನಿಕ್ಕಲ್. ಬಾನೆಟ್ಟಿನ ಕೊಂಡಿಗೆ ಬಿಳಿ ಸತು. ಸ್ಟೀರಿಂಗಿನ ಗಟ್ಟಿ ಬೋಲ್ಟಿಗೆ ಕಪ್ಪು. ಆ 'ಕಪ್ಪು' ಎಂಬುದರ ಮೇಲೆ ಯಾರೋ ಗೀಟು ಎಳೆದು 'ಹಳದಿ' ಎಂದು ಬರೆದಿದ್ದರು.

ಪಟ್ಟಿ ಬರೆದವಳು ಬೋರಲು ಹಾಕಿದ ಡ್ರಮ್ಮಿನ ಮೇಲೆ ಕೂತಿದ್ದಳು. ಇಡೀ ಅಂಗಡಿಗೆ ಅವಳು ಅಕ್ಕ. ಸತ್ತವನಿಗೆ ಒಡಹುಟ್ಟಿದ ಅಕ್ಕ. ಇನ್‌ಸ್ಪೆಕ್ಟರಮ್ಮ ಕರವಸ್ತ್ರ ಬಿಡಿಸಿದಳು. ಮುರಿದ ಮೈಯನ್ನು ಅಕ್ಕ ಒಂದೇ ಸಲ ನೋಡಿದಳು.

"ನಾನೇ ಕೊಂದೆ," ಎಂದಳು.

ಮೀಸೆ ಬೆಚ್ಚಿಬಿದ್ದ.

"ಗಟ್ಟಿ ಉಕ್ಕಿಗೆ ಸತು ಹಿಡಿಸೋವಾಗ ಅದರ ಹೊಟ್ಟೆಗೆ ಗಾಳಿ ಸೇರುತ್ತೆ ಮೇಡಂ. ಹೈಡ್ರೋಜನ್ ಅಂತಾರೆ. ತೊಟ್ಟಿಯಿಂದ ತೆಗೆದ ಕೂಡ್ಲೇ ಒಲೆಗಿಟ್ಟು ರಾತ್ರಿಯಿಡೀ ಬೇಯಿಸಿ ಅದನ್ನ ಓಡಿಸ್ಬೇಕು. ಆಮೇಲೆ ಬೆಳಿಗ್ಗೆ ಹಳದಿ ನೀರಲ್ಲಿ ಅದ್ದೋದು. ಬೇಯಿಸ್ದೆ ಬಿಗಿ ಮಾಡಿದ್ರೆ ಮಾರನೇ ದಿನ ಗಾಜಿನ ಹಾಗೆ ಒಡೆಯುತ್ತೆ."

"ನೀವು ಬೇಯಿಸ್ಲಿಲ್ವಾ ಅಕ್ಕಾ?"

"ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಒಲೆಗಿಟ್ಟೆ. ಮೂಗಲ್ಲಿ ರಕ್ತ ಸುರೀತು, ದವಾಖಾನೆಗೆ ಹೋದೆ. ಇವತ್ತು ಬೆಳಿಗ್ಗೆ ಬಂದ್ರೆ ಒಲೆ ಖಾಲಿ. ರಾತ್ರಿ ಪಾಳಿಯವರು ಅದ್ದಿ ಕಳಿಸಿದ್ರು ಅಂದ್ರು ಧಣಿ. ನಾನೇ ಕಾವು ಕಮ್ಮಿ ಇಟ್ಟಿರ್ಬೇಕು. ತಲೆ ಸುತ್ತುತಿತ್ತು ನಂಗೆ..."

"ಹಲಗೇಲಿ ಕಪ್ಪು ಅಂತಿದೆ?"

"ಕಪ್ಪು ಮಾಡೋಕೆ ಕರೆಂಟು ಬೇಡ, ಈ ಗಾಳಿಯ ಕಾಟ ಇಲ್ಲ. ಅದೇ ಸಾಕು ಅಂತ ಕೈಮುಗಿದೆ. ಕಾರಿನ ಸಾಹೇಬ್ರು ಕೇಳಲಿಲ್ಲ. ಕಾರ್ಖಾನೆಯಿಂದ ಬಂದಾಗ ಹಳದಿ ಇತ್ತಂತೆ. ನಾಳೆ ಪ್ರದರ್ಶನದಲ್ಲಿ ಅದಕ್ಕೂ ಅಂಕ ಇದೆಯಂತೆ."

ಧಣಿ ಹಿಂದಿನಿಂದ ಬಂದು ಅಕ್ಕನ ಹೆಗಲ ಮೇಲೆ ಕೈಯಿಟ್ಟ. "ಪಾಪ, ಕೈತಪ್ಪು. ಅವಳೇ ಒಪ್ಕೊಂಡ್ಳಲ್ಲ ಮೇಡಂ, ಬರೆದು ತಂದಿದೀನಿ. ಸಹಿ ಹಾಕಿಸ್ಕೊಳ್ಳಿ."

ಹೆಣ ಇನ್ನೂ ಬಿಸಿ ಆರಿರಲಿಲ್ಲ. ಇವನ ಕೈಯಲ್ಲಿ ಕಾಗದ ಸಿದ್ಧವಾಗಿತ್ತು.

* * *

ಠಾಣೆಯಲ್ಲಿ ಅಕ್ಕನ ಬೆರಳಚ್ಚು ತೆಗೆಯಲು ಕೂತ ಮೀಸೆ ಬೆವೆತುಹೋದ. ಯಂತ್ರ ಮತ್ತೆ ಮತ್ತೆ 'ಬೆರಳು ಇಡಿ' ಎನ್ನುತ್ತಿತ್ತು.

"ಇಟ್ಟಿದೀವಲ್ಲಪ್ಪಾ! ಇನ್ನೇನು ಕಡಿದು ಕೊಡ್ಲಾ?" ಮೀಸೆ ಯಂತ್ರಕ್ಕೆ ಬೈದ.

ಇನ್‌ಸ್ಪೆಕ್ಟರಮ್ಮ ಅಕ್ಕನ ಕೈ ಹಿಡಿದು ದೀಪದ ಕೆಳಗೆ ತಿರುಗಿಸಿದಳು. ಹತ್ತು ಬೆರಳೂ ಬೋಳು. ಒಂದು ಗೆರೆಯಿಲ್ಲ. ಮೂವತ್ತು ವರ್ಷ ಬೇರೆಯವರ ಬಂಪರಿಗೆ ಮಿಂಚು ಕೊಟ್ಟ ಕೈಯಿಂದ ಆಸಿಡ್ಡು ಅವಳದೇ ಗುರುತನ್ನು ತಿಂದುಹಾಕಿತ್ತು. ಧಣಿ ಒಂದು ಜೊತೆ ಒಳ್ಳೆಯ ಕೈಗವಸು ಕೊಡಿಸಿರಲಿಲ್ಲ.

ಇನ್‌ಸ್ಪೆಕ್ಟರಮ್ಮ ಅಕ್ಕನ ಕೈಯನ್ನು ಮೆಲ್ಲಗೆ ಕೆಳಗಿಟ್ಟಳು.

ಆಗ ಫೋನು ಬಂತು. ಬೆರಳಚ್ಚು ವಿಭಾಗದ ಮುದುಕ.

"ನೀವು ಕಳಿಸಿದ ಬೋಲ್ಟಿನ ತಲೆ ಮೇಲೆ ಹೆಬ್ಬೆರಳಿದೆ ಮೇಡಂ. ಎಣ್ಣೆಯ ಗುರುತಲ್ಲ, ಒರೆಸಿದ್ರೂ ಹೋಗಲ್ಲ. ಪೊರೆಯಲ್ಲೇ ಒತ್ತಿ ಕೂತಿದೆ. ಈ ಹಳದಿ ಪೊರೆ ಅದ್ದಿದ ಹೊಸದ್ರಲ್ಲಿ ಬೆಣ್ಣೆ ಹಾಗಿರುತ್ತೆ, ಒಂದು ದಿನ ಬೇಕು ಗಟ್ಟಿ ಆಗೋಕೆ. ಅದ್ದಿದ ತಕ್ಷಣ ಯಾರೋ ಬರಿಗೈಲಿ ಹಿಡಿದಿದಾರೆ."

"ಗೆರೆ ಸ್ಪಷ್ಟ ಇದೆಯಾ?"

"ಎಣಿಸ್ಬಹುದು. ಮೆತ್ತನೆ ಕೈ. ಕೆಲಸ ಮಾಡಿದ ಕೈಯಲ್ಲ."

* * *

ಶವಾಗಾರದ ಅಂಗಳದಲ್ಲಿ ಫಿಟ್ಟರನ ಹೆಂಡತಿ ಬೆಂಚಿನ ಮೇಲೆ ಕೂತಿದ್ದಳು. ಗೇಟಿನ ಹೊರಗೆ, ಮೀಸೆಯ ಪಕ್ಕ, ಅಕ್ಕ ನಿಂತಿದ್ದಳು. ಒಳಗೆ ಒಂದು ಹೆಜ್ಜೆ ಇಟ್ಟಳು.

"ಒಳಗೆ ಬಂದ್ರೆ ನೋಡು!" ಹೆಂಡತಿ ಚೀರಿದಳು. "ಒಡಹುಟ್ಟಿದೋನ್ನ ನುಂಗಿ ನೀರು ಕುಡಿದೋಳು! ಅವರ ಮುಖ ನೋಡ್ಬೇಡ ನೀನು!"

ಅಕ್ಕ ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದಳು. ತಮ್ಮನನ್ನು ಎತ್ತಿ ಆಡಿಸಿದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಇನ್‌ಸ್ಪೆಕ್ಟರಮ್ಮ ಬೆಂಚಿನ ಬದಿ ಕೂತಳು. "ಹೊರಡೋವಾಗ ಏನಂದ್ರಮ್ಮ ಅವರು?"

"ಫೋನ್ ಮಾಡಿದ್ರು. ಮಗು ಥರಾ ಕುಣೀತಿದ್ರು. 'ಲೇ, ಇವತ್ತು ಮೊದಲ ಓಟ ನಂದು ಕಣೇ' ಅಂದ್ರು. ಹನ್ನೊಂದು ಕಾರು ಕಟ್ಟಿದಾರೆ ಮೇಡಂ. ಮೊದಲ ಓಟ ಯಾವತ್ತೂ ಸಾಹೇಬ್ರದ್ದೇ. ಇವರನ್ನ ಪಕ್ಕದಲ್ಲೂ ಕೂರಿಸ್ತಿರ್ಲಿಲ್ಲ. ಇವತ್ತು ಅವರೇ ಕರೆದು ಕೀಲಿ ಕೊಟ್ರಂತೆ."

ಫಿಟ್ಟರನ ಫೋನಿನ ಗಾಜು ಬಿರುಕು ಬಿಟ್ಟಿತ್ತು, ಜೀವ ಇತ್ತು. ಜೋಡಿಸಿದ ಪ್ರತಿ ಭಾಗದ ಚಿತ್ರ ತೆಗೆಯುವುದು ಅವನ ಅಭ್ಯಾಸ. ಕೊನೆಯ ಚಿತ್ರದಲ್ಲಿ ಹಳದಿ ಬೋಲ್ಟುಗಳು ಬಿಗಿದು ಕೂತಿದ್ದವು. ಹೊತ್ತು: ನಿನ್ನೆ ಸಂಜೆ ಆರು ನಲವತ್ತು.

ಇನ್‌ಸ್ಪೆಕ್ಟರಮ್ಮ ಮತ್ತೊಮ್ಮೆ ನೋಡಿದಳು. ಆರು ನಲವತ್ತು. ರಾತ್ರಿ ಪಾಳಿ ಇನ್ನೂ ಶುರುವೇ ಆಗಿರಲಿಲ್ಲ.

* * *

ಕಾರಿನ ಸಾಹೇಬರ ಶೆಡ್ಡು ಮನೆಯಷ್ಟೇ ದೊಡ್ಡದು. ಹತ್ತು ಹಳೆಯ ಕಾರು, ಗೋಡೆ ತುಂಬ ಪುಸ್ತಕ. ಇನ್‌ಸ್ಪೆಕ್ಟರಮ್ಮ ಹೇಳಿಕಳಿಸಿದ್ದರಿಂದ ಗಿಲೀಟು ಅಂಗಡಿಯ ಧಣಿಯೂ ಬಂದು ಬಾಗಿಲ ಬಳಿ ನಿಂತಿದ್ದ.

"ಒಳ್ಳೆ ಕೆಲಸಗಾರ ಅವನು," ಸಾಹೇಬರು ನಿಟ್ಟುಸಿರಿಟ್ಟು ಪಕ್ಕದ ಕಾರಿನ ಬಂಪರು ಸವರಿದರು. "ಆದ್ರೆ ಅವನ ಅಕ್ಕ... ಓದಿಲ್ಲದವರ ಕೈಗೆ ವಿಜ್ಞಾನ ಕೊಟ್ರೆ ಹೀಗೇ. ತೊಟ್ಟಿಯಿಂದ ತೆಗೆದ ನಾಲ್ಕು ತಾಸಿನೊಳಗೆ ಒಲೆಗೆ ಹೋಗ್ಬೇಕು. ಕಮ್ಮಿ ಅಂದ್ರೂ ಎಂಟು ತಾಸು, ಇನ್ನೂರು ಡಿಗ್ರಿ. ಇಲ್ಲಾಂದ್ರೆ ಹತ್ತರಲ್ಲಿ ಒಂದು ಬೋಲ್ಟು ಒಡೆಯೋದೇ."

"ಇದೆಲ್ಲ ಯಾವಾಗಿಂದ ಗೊತ್ತು ನಿಮ್ಗೆ?"

"ಇಪ್ಪತ್ತು ವರ್ಷದಿಂದ!" ಸಾಹೇಬರಿಗೆ ಹೆಮ್ಮೆ. "ಯಾವ ಲೋಹಕ್ಕೆ ಯಾವ ಲೇಪ ಅಂತ ನನ್ನ ಕೇಳೋಕೆ ಎಲ್ಲೆಲ್ಲಿಂದಲೋ ಬರ್ತಾರೆ."

"ಇವತ್ತಿನ ಮೊದಲ ಓಟ ಅವನಿಗೆ ಯಾಕೆ ಕೊಟ್ರಿ?"

"ಬೆನ್ನುನೋವು."

ಆಕೆ ಕಣ್ಸನ್ನೆ ಮಾಡಿದಳು. ಜೊತೆಗೆ ಬಂದಿದ್ದ ಬೆರಳಚ್ಚು ವಿಭಾಗದ ಮುದುಕ, ಸಾಹೇಬರು ಸವರಿದ ಬಂಪರಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಪುಡಿ ಉದುರಿಸಿದ. ಕ್ರೋಮಿನ ಕನ್ನಡಿಯಲ್ಲಿ ಹೆಬ್ಬೆರಳು ಎದ್ದು ಬಂತು. ಮುದುಕ ಬೋಲ್ಟಿನ ಗುರುತಿನ ಚಿತ್ರವನ್ನು ಕಿಸೆಯಿಂದ ತೆಗೆದು ಅದರ ಪಕ್ಕ ಹಿಡಿದು ಮಸೂರದಲ್ಲಿ ನೋಡಿದ. ನೋಡುತ್ತಲೇ ಇದ್ದ.

"ಇದೇ," ಎಂದ.



"ಅಕ್ಕ ಮೂರಕ್ಕೆ ಒಲೆಗಿಟ್ಳು," ಇನ್‌ಸ್ಪೆಕ್ಟರಮ್ಮ ಹೇಳಿದಳು. "ಆರು ನಲವತ್ತಕ್ಕೆ ಬೋಲ್ಟು ಹಳದಿಯಾಗಿ ಕಾರಲ್ಲಿತ್ತು. ನಡುವೆ ಎಂಟು ತಾಸು ಎಲ್ಲಿಂದ ಬರುತ್ತೆ? ಅವಳು ಆಚೆ ಹೋದ್ಮೇಲೆ ನೀವು ಬಂದ್ರಿ. ಅರೆಬೆಂದ ಬೋಲ್ಟು ತೆಗೆದು ನಿಮ್ಮ ಕೈಯಾರೆ ಹಳದಿ ನೀರಲ್ಲಿ ಅದ್ದಿದ್ರಿ. ಬಣ್ಣ ಬಂದಿದೆಯಾ ಅಂತ ಒಂದನ್ನ ಕೈಗೆತ್ಕೊಂಡು ನೋಡಿದ್ರಿ. ಅಕ್ಕನ ಬೆರಳಲ್ಲಿ ಗೆರೆಯೇ ಇಲ್ಲ. ಇದು ನಿಮ್ದು."

"ನಾನು ಬೇಡ ಅಂದೆ!" ಧಣಿ ಬಡಬಡಿಸಿದ. "ಅಕ್ಕ ಬೇಯಿಸ್ಲೇಬೇಕು ಅಂತಾಳೆ ಅಂದೆ. 'ಅವಳೇನು ನಂಗೆ ಪಾಠ ಹೇಳ್ತಾಳಾ' ಅಂದ್ರು. ಆ ಕಾಗದ ಬರೆದು ಕೊಟ್ಟೋರೂ ಇವರೇ!"

ಸಾಹೇಬರ ಮುಖ ಬಿಳಿಚಿತು. "ನಾಳೆ ಪ್ರದರ್ಶನ. ಓಡಿಸಿ ನೋಡೋಕೆ ಇವತ್ತೊಂದೇ ದಿನ ಇತ್ತು, ಒಂದು ರಾತ್ರಿ ಕಾಯೋಕೆ ಆಗ್ತಿರ್ಲಿಲ್ಲ. ಒಡೆಯುತ್ತೆ ಅಂತ ಖಾತ್ರಿ ಏನಿರಲಿಲ್ಲ ಮೇಡಂ. ಹತ್ತರಲ್ಲಿ ಒಂದು..."

"ಆ ಒಂದು ನಿಮ್ಮ ಪಾಲಿಗೆ ಬರ್ದೇ ಇರ್ಲಿ ಅಂತ ಕೀಲಿ ಅವನಿಗೆ ಕೊಟ್ರಿ. ಒಡೆಯಲಿಲ್ಲ ಅಂದ್ರೆ ನೀವು ಓಡಿಸೋದು, ಒಡೆದ್ರೆ ಅವನು ಸಾಯೋದು. ಅವನ ಮೇಲೆ ಬೋಲ್ಟು ಪರೀಕ್ಷೆ ಮಾಡಿದ್ರಿ."

ಸಾಹೇಬರು ಇಲ್ಲ ಎನ್ನಲಿಲ್ಲ. ಅದೇ ಎಲ್ಲರನ್ನೂ ಬೆಚ್ಚಿಸಿತು. ಬಿಡಿಭಾಗದ ಲೆಕ್ಕ ತಪ್ಪಿದವರಂತೆ ಹುಬ್ಬು ಗಂಟಿಕ್ಕಿ ನಿಂತಿದ್ದರು, ಅಷ್ಟೆ. ಮೀಸೆ ಕೋಳ ತೊಡಿಸಿದ.

* * *

ಮರುದಿನ ಬೆಳಿಗ್ಗೆ ಅಕ್ಕ ಶವಾಗಾರದ ಅದೇ ಗೇಟಿನ ಹೊರಗೆ ನಿಂತಿದ್ದಳು.

"ನಿಮ್ಮ ಒಲೆ ಸರಿಯಾಗೇ ಇತ್ತು ಅಕ್ಕಾ. ನಿಮ್ಮ ಕೈಯಲ್ಲಿ ತಪ್ಪಾಗಿಲ್ಲ," ಎಂದಳು ಇನ್‌ಸ್ಪೆಕ್ಟರಮ್ಮ. ನಡೆದದ್ದನ್ನು ಒಂದೂ ಬಿಡದೆ ಹೇಳಿದಳು.

ಅಕ್ಕ ಕೇಳಿದ್ದು ಒಂದೇ. "ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನನ್ನ ತಮ್ಮನ್ನ ಕೂರಿಸಿದ್ರಾ?" ಅಕ್ಕನ ದನಿ ಏರಿತು. "ನಾನು ಒಲೆಗಿಟ್ಟಿದ್ದೆ! ಸರಿಯಾಗೇ ಇಟ್ಟಿದ್ದೆ! ಕೋರ್ಟಲ್ಲೂ ಹೇಳ್ತೀನಿ, ರಸ್ತೇಲೂ ಕೂಗಿ ಹೇಳ್ತೀನಿ. ನಾನು ಬೇಯಿಸೋಕೆ ಇಟ್ಟಿದ್ದೆ!"

ಬೆಂಚಿನ ಮೇಲಿದ್ದ ತಮ್ಮನ ಹೆಂಡತಿ ತಲೆ ಎತ್ತಿದಳು. ಅವಳಿಗೆ ಆಗಲೇ ತಿಳಿಸಿಯಾಗಿತ್ತು. ಎದ್ದು ಗೇಟಿನ ತನಕ ಬಂದಳು. ಆ ಬೋಳು ಬೆರಳುಗಳ ಕೈ ಹಿಡಿದುಕೊಂಡಳು.

"ಬನ್ನಿ ಅತ್ತಿಗೆ," ಎಂದಳು. "ಅವರ ಮುಖ ತೊಳೀಬೇಕು. ನಂಗೊಬ್ಬಳಿಗೇ ಆಗ್ತಿಲ್ಲ."